ಓನರ್ ಅಂಕಲ್ ನೋಡಿದ ಜಪಾನಿ ಸಿನಿಮಾ

ಲವಂಗದ ವಾಸನೆ ಬಂದರೆ ಎಲ್ಲರಿಗೂ ಪಲಾವ್ ನೆನಪಾಗುತ್ತದೆ, ನನಗೆ ಕಾಮಿಕ್ಸ್ ಪುಸ್ತಕಗಳು ನೆನಪಾಗುತ್ತವೆ. ಕಳೆದ ಭಾನುವಾರ ಕ್ಲಾಸೆಟ್ಟಿನ ಮೇಲಿನ ಹಲಗೆಯಿಂದ ಒಂದು ರಟ್ಟಿನ ಡಬ್ಬ ಇಳಿಸಿ ಟೇಪು ಕಿತ್ತಾಗ ಅದೇ ವಾಸನೆ ಬಂತು. ಒಳಗಿದ್ದದ್ದು ಒಂದು ಜಪಾನಿ ಮಂಗಾ ಸರಣಿಯ ಇಂಗ್ಲಿಷ್ ಸಂಪುಟಗಳು. ಹಾಳೆಗಳ ನಡುವೆ ಅಲ್ಲಲ್ಲಿ ಒಣಗಿದ ಲವಂಗ. ಹುಳ ಬೀಳಬಾರದೆಂದು ಅವನ್ನು ಇಟ್ಟವರು ನಮ್ಮ ಓನರ್ ಅಂಕಲ್. ಅವರು ತೀರಿಕೊಂಡು ಎರಡು ವರ್ಷವಾಯಿತು. ಅಷ್ಟು ದಿನ ಮುಟ್ಟದ ಡಬ್ಬವನ್ನು ಈಗ ಯಾಕೆ ಇಳಿಸಿದೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ...

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಬೆಳೆದವರಿಗೆ ಮನೆ ಮಾಲೀಕರ ಹೆಸರೇ ಓನರ್. ಅದೇ ಅಭ್ಯಾಸಬಲದಿಂದ ಇಲ್ಲಿಯೂ ಅವರನ್ನು ಹಾಗೆ ಕರೆದೆ. 2009ರಲ್ಲಿ ಲಾಂಗ್ ಬೀಚಿಗೆ ಎಂ.ಎಸ್. ಓದಲು ಬಂದಾಗ, ಸೇತುವೆಯಾಚೆ ಸ್ಯಾನ್ ಪೀಡ್ರೊದಲ್ಲಿ ಅವರ ಮನೆಯ ಹಿಂದಿನ ಕೋಣೆ ನನಗೆ ಬಾಡಿಗೆಗೆ ಸಿಕ್ಕಿತು. ಮಂಗಳೂರು ಕಡೆಯವರು. ಬಂದರಿನ ಒಂದು ಶಿಪ್ಪಿಂಗ್ ಕಚೇರಿಯಲ್ಲಿ ಜೀವಮಾನವೆಲ್ಲ ಕೆಲಸ ಮಾಡಿ ಆಗಷ್ಟೇ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಕನ್ನಡ ಕೂಟದ ಆಂಟಿಯರು ಯಾಕೆ ಎಂದು ಕೇಳಿದರೆ, "ಹುಡುಗಿ ಹಡಗಿನಲ್ಲಿ ಬರ್ತಾ ಉಂಟು, ಸ್ವಲ್ಪ ಲೇಟಾಯ್ತು" ಎಂದು ನಗಿಸಿ ಪಾರಾಗುತ್ತಿದ್ದರು. ನಾನೂ ನಕ್ಕವಳೇ.

ನನಗಾಗ ಮಂಗಾದ ಹುಚ್ಚು. ಗಂಡಸರಿಬ್ಬರ ಪ್ರೀತಿಯ ಕಥೆಗಳಿಗೆ ಜಪಾನಿನವರು ಬಾಯ್ಸ್ ಲವ್ ಎಂಬ ಹೆಸರಿಟ್ಟು ಪ್ರತ್ಯೇಕ ವಿಭಾಗವನ್ನೇ ಮಾಡಿದ್ದಾರೆ. ಓದುವವರಲ್ಲಿ ಹೆಚ್ಚಿನವರು ನನ್ನಂಥ ಹುಡುಗಿಯರೇ. ನಾನು ಹಚ್ಚಿಕೊಂಡಿದ್ದ ಸರಣಿ ಒಂದು ದ್ವೀಪದ ಶಾಲಾ ಮೇಷ್ಟ್ರು ಮತ್ತು ಅಲ್ಲಿಗೆ ಜನರನ್ನು ದಾಟಿಸುವ ದೋಣಿಯವನ ಕಥೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬಂತೆ ಅದನ್ನು ಸಿಗ್ನಲ್ ಪ್ರೊಸೆಸಿಂಗ್ ಪಠ್ಯಪುಸ್ತಕದ ಅಡಿಯಲ್ಲಿ ಇಡುತ್ತಿದ್ದೆ. ಒಂದು ಸಲ ಮೊದಲನೇ ಸಂಪುಟವನ್ನು ಅಡುಗೆಮನೆಯ ಮೇಜಿನ ಮೇಲೆ ಮರೆತು ಕಾಲೇಜಿಗೆ ಹೋದೆ. ಮುಖಪುಟದ ಮೇಲೆ ದೋಣಿಯಿತ್ತಲ್ಲ, ಅಂಕಲ್ ಕೈಗೆತ್ತಿಕೊಂಡುಬಿಟ್ಟರು.

ನಾಲ್ಕೈದು ದಿನ ಬಿಟ್ಟು ಪುಸ್ತಕವನ್ನು ತಂದು ನನ್ನ ಮುಂದಿಟ್ಟರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಅವರು ಮಾತ್ರ ಬಹಳ ಗಂಭೀರವಾಗಿದ್ದರು.

"ಕಥೆ ಸರಿ ಉಂಟು ಮಾರಾಯ್ತಿ. ಸುರುವಿಗೆ ಇಬ್ರೂ ಒಂದೇ ಮನೆಯಲ್ಲಿ ಇರ್ತಾರೆ. ಮತ್ತೆ ಜಗಳ ಆಗ್ತದೆ, ಬೇರೆ ಆಗ್ತಾರೆ. ಕಡೆಗೆ ದೋಣಿಯಲ್ಲಿ ಎದುರೆದುರು ಕೂತ್ರೂ ಗುರ್ತ ಇಲ್ಲದವರ ಹಾಗೆ. ಹಾಗೇ ಆಗುದು."

ಜಪಾನಿ ಪುಸ್ತಕವನ್ನು ಬಲಗಡೆಯಿಂದ ತೆರೆಯಬೇಕು. ಅಂಕಲ್ ನಮ್ಮವರು ಪುಸ್ತಕ ತೆರೆಯುವ ಕಡೆಯಿಂದ ತೆರೆದು, ಹಿಂದಿನಿಂದ ಮುಂದಕ್ಕೆ ಇಡೀ ಸಂಪುಟವನ್ನು ಓದಿ ಮುಗಿಸಿದ್ದರು. ಮಾತುಗಳು ತಾಳೆಯಾಗದ ಕಡೆ ಇದು ಜಪಾನಿಯವರ ಮಾತಿನ ರೀತಿಯಿರಬೇಕು ಎಂದುಕೊಂಡು ಮುಂದೆ ಹೋಗಿದ್ದರಂತೆ. ನನಗೆ ನಗು ತಡೆಯಲಾಗಲಿಲ್ಲ. ಪುಸ್ತಕ ತಿರುಗಿಸಿ ತೋರಿಸಿದೆ, ಅಂಕಲ್ ಇಲ್ಲಿಂದ ಶುರು, ಮೊದಲು ಗುರುತಿಲ್ಲ, ಆಮೇಲೆ ಜಗಳ, ಕೊನೆಗೆ ಒಂದೇ ಮನೆ ಎಂದೆ.

ಅವರು ನಗಲಿಲ್ಲ. "ಹಾಗಾದ್ರೆ ಕಡೆಗೆ ಒಟ್ಟಿಗೆ ಇರ್ತಾರಾ?" ಎಂದು ಕೇಳಿದರು. ಹೌದು ಅಂಕಲ್ ಎಂದೆ. ಪುಸ್ತಕವನ್ನು ತೆಗೆದುಕೊಂಡು ವರಾಂಡಕ್ಕೆ ಹೋಗಿ, ಬಲಗಡೆಯಿಂದ ತೆರೆದು ಕೂತರು. ಸಂಜೆಯವರೆಗೂ ಏಳಲಿಲ್ಲ, ಕಾಫಿಗೂ ಬರಲಿಲ್ಲ.

ಆ ವಾರಾಂತ್ಯದಲ್ಲೇ ಇರಬೇಕು, ಬಂಗುಡೆ ಸಾರು ಬಡಿಸುತ್ತಾ ತಾವಾಗಿಯೇ ಹೇಳಿದರು. ಪ್ರತಿ ದೀಪಾವಳಿಗೆ ಆರ್ಟೀಸಿಯಾದ ಇಂಡಿಯನ್ ಅಂಗಡಿಯ ಮಿಠಾಯಿ ಡಬ್ಬ ಹಿಡಿದು ಸ್ಯಾನ್ ಡಿಯಾಗೋದಿಂದ ಒಬ್ಬ ಅಂಕಲ್ ಹೆಂಡತಿಯೊಡನೆ ಬರುತ್ತಿದ್ದರು, ಧಾರವಾಡ ಕಡೆಯವರು. ಅವರನ್ನು ಹಳೆಯ ರೂಮ್‌ಮೇಟ್ ಎಂದು ಓನರ್ ಅಂಕಲ್ ನನಗೆ ಪರಿಚಯಿಸಿದ್ದರು. "ಈ ಮನೆಯಲ್ಲೇ ನಾವಿಬ್ರೂ ಇದ್ದದ್ದು. ಎಲ್ಲರ ಹತ್ರ ರೂಮ್‌ಮೇಟ್ ಅಂತ ಹೇಳಿದ್ದು. ರೂಮ್‌ಮೇಟ್ ಅಲ್ಲ" ಎಂದರು. ಆಮೇಲೆ ಊರಲ್ಲಿ ಆ ಸ್ನೇಹಿತರ ತಾಯಿಗೆ ಸೀರಿಯಸ್ ಆಯಿತು, ನಾನು ಸಾಯುವುದರೊಳಗೆ ನಿನ್ನ ಮದುವೆ ನೋಡಬೇಕೆಂದರು, ನಲವತ್ತರ ಹತ್ತಿರದಲ್ಲಿ ಅವರ ಮದುವೆಯಾಯಿತು. ತಾಯಿ ಮತ್ತೆ ಬಹಳ ವರ್ಷ ಬದುಕಿದರಂತೆ. ಇಷ್ಟನ್ನು ಹೇಳಿ ಅಂಕಲ್, "ಸಾರಿಗೆ ಉಪ್ಪು ಸಾಕಾ?" ಎಂದು ಕೇಳಿದರು. ಸಾಕು ಎಂದು ತಲೆಯಾಡಿಸಿದೆ.

ಅಲ್ಲಿಂದ ಮುಂದೆ ಆ ಸರಣಿ ನಮ್ಮಿಬ್ಬರದೂ ಆಯಿತು. ಹೊಸ ಸಂಪುಟ ಬಂದಾಗಲೆಲ್ಲ ಲಿಟಲ್ ಟೋಕಿಯೊದ ಪುಸ್ತಕದಂಗಡಿಗೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆವು. ಕೊಂಡ ಪುಸ್ತಕಕ್ಕೆ ಅಂಗಡಿಯವರು ಕಾಗದದ ಹೊದಿಕೆ ಹಾಕಿ ಕೊಡುತ್ತಾರೆ, ಒಳಗೇನಿದೆ ಎಂದು ಯಾರಿಗೂ ಕಾಣುವುದಿಲ್ಲ. "ಮರ್ಯಾದಸ್ಥರ ಅಂಗಡಿ" ಎಂದು ಅಂಕಲ್ ಮೆಚ್ಚಿಕೊಂಡಿದ್ದರು. ಆ ಕಥೆಯನ್ನು ಜಪಾನಿನಲ್ಲಿ ಧ್ವನಿನಾಟಕ ಮಾಡಿ ಸಿ.ಡಿ. ತಂದಿದ್ದರು. ಭಾಷೆ ಒಂದಕ್ಷರ ತಿಳಿಯದಿದ್ದರೂ ಅಂಕಲ್ ಅದನ್ನು ಹಾಕಿಕೊಂಡು ತರಕಾರಿ ಹೆಚ್ಚುತ್ತಿದ್ದರು. ಅರ್ಥವಾಗದ್ದನ್ನು ಏನು ಕೇಳ್ತೀರ ಎಂದು ಚುಡಾಯಿಸಿದರೆ, "ಮನೆಯಲ್ಲಿ ಇಬ್ರು ಗಂಡಸರು ಮಾತಾಡ್ತಾ ಇದ್ದ ಹಾಗೆ ಆಗ್ತದೆ" ಎಂದರು. ಮತ್ತೆ ಚುಡಾಯಿಸಲಿಲ್ಲ. ಟಿ.ವಿ.ಗಾಗಿ ಮಾಡಿದ ಆನಿಮೇಶನ್ ಸರಣಿ ಅವರಿಗೆ ಹಿಡಿಸಲಿಲ್ಲ. ದೋಣಿಯವನನ್ನು ಸಿನಿಮಾ ಹೀರೊ ಮಾಡಿದ್ದಾರೆ, ದೋಣಿ ಎಳೆಯುವವನ ಕೈ ಅಷ್ಟು ನಯ ಇರುವುದುಂಟಾ ಎಂದು ಅವರ ತಕರಾರು.

ಓದು ಮುಗಿದ ಮೇಲೆ ನನಗೆ ಸ್ಯಾನ್ ಡಿಯಾಗೋದ ಟೆಲಿಕಾಂ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಇಲ್ಲಿಗೆ ಬಂದ ಮೇಲೂ ಫೋನಿನಲ್ಲಿ ನಮ್ಮ ಮಂಗಾ ಚರ್ಚೆ ನಡೆಯುತ್ತಲೇ ಇತ್ತು. ಅಷ್ಟರಲ್ಲಿ ಅವರ ಹೃದಯ ಸೋಲತೊಡಗಿತ್ತು. ಆಪರೇಶನ್ ತಡೆದುಕೊಳ್ಳುವ ಶಕ್ತಿಯಿಲ್ಲ ಎಂದು ಡಾಕ್ಟರ್ ಹೇಳಿದ್ದರು. ಆ ದಿನಗಳಲ್ಲೇ ಸರಣಿಯನ್ನು ನಿಜವಾದ ನಟರನ್ನಿಟ್ಟು ಸಿನಿಮಾ ಮಾಡಿದ್ದಾರೆಂದೂ, ಸ್ಯಾನ್ ಡಿಯಾಗೋದ ಒಂದು ಸಣ್ಣ ಚಿತ್ರೋತ್ಸವದಲ್ಲಿ ತೋರಿಸುತ್ತಾರೆಂದೂ ಗೊತ್ತಾಯಿತು. ಅಂಕಲ್‌ಗೆ ಹೇಳಿದೆ. ಸ್ಯಾನ್ ಡಿಯಾಗೋ ಎಂದದ್ದೇ, "ಅವರನ್ನೂ ಕರೀಲಿಕ್ಕಾ?" ಎಂದರು. ಒಂದೇ ಒಂದು ಸಲ ಆ ಸ್ನೇಹಿತರ ಪಕ್ಕದಲ್ಲಿ ಕೂತು ಆ ಕಥೆಯನ್ನು ಕಡೆಯವರೆಗೆ ನೋಡಬೇಕು, ಮಾತೇನೂ ಬೇಡ, ಅಷ್ಟು ಸಾಕು ಎಂದರು. ತಾವೇ ಫೋನ್ ಮಾಡಿ ಕರೆದರು. ಒಂದು ಜಪಾನಿ ಸಿನಿಮಾ, ಸಮುದ್ರದ ಕಥೆ ಎಂದಷ್ಟೇ ಹೇಳಿದರಂತೆ.

ಸಿನಿಮಾದ ದಿನ ರೈಲಿನಿಂದ ಇಳಿದ ಅಂಕಲ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಮದುಮಗನ ಹಾಗಿದ್ದೀರಲ್ಲ ಅಂಕಲ್ ಎಂದೆ, ನಾಚಿದರು. ಥಿಯೇಟರಿನ ಮುಂದೆ ಸ್ನೇಹಿತರು ಹೆಂಡತಿಯೊಡನೆ ನಿಂತಿದ್ದನ್ನು ನೋಡಿದಾಗ ಮಾತ್ರ ಅವರ ಮುಖ ಸಣ್ಣದಾಯಿತು. ಒಬ್ಬರೇ ಬರುತ್ತಾರೆಂದು ಎಣಿಸಿದ್ದರು, ಪಾಪ. ನಾಲ್ವರೂ ಒಳಗೆ ಹೋದೆವು. ಯಾರು ಎಲ್ಲಿ ಕೂರಬೇಕು ಎಂದು ನಾನು ಒದ್ದಾಡುತ್ತಿದ್ದರೆ ಆಂಟಿಯೇ ನಮ್ಮ ಮದುವೆ ಮನೆಗಳ ಪದ್ಧತಿಯಂತೆ ತೀರ್ಮಾನ ಕೊಟ್ಟರು.

"ಗಂಡಸರು ಆ ಕಡೆ ಕುಂದರ್ರಿ, ನಾವಿಬ್ರೂ ಈ ಕಡೆ ಕುಂದರ್ತೀವಿ."

ಹಾಗೆ ಅಂಕಲ್‌ಗೆ ಅವರ ಸೀಟು ಸಿಕ್ಕಿತು. ಕತ್ತಲಾಯಿತು, ದ್ವೀಪ ಕಂಡಿತು, ದೋಣಿ ಬಂತು. ನಾನು ಪರದೆಗಿಂತ ಹೆಚ್ಚಾಗಿ ಆ ಇಬ್ಬರನ್ನೇ ನೋಡುತ್ತಿದ್ದೆ. ಮೊದಮೊದಲು ಇಬ್ಬರೂ ಸಮುದ್ರ ನೋಡಿ ಏನೋ ಪಿಸುಗುಟ್ಟಿದರು. ಅರ್ಧ ದಾಟಿದ ಮೇಲೆ, ದೋಣಿ ನಿಲ್ಲಿಸುವ ಗುಡಿಸಲಿನೊಳಗೆ ಮೇಷ್ಟ್ರು ದೋಣಿಯವನ ಕೈಯನ್ನು ಹಿಡಿದುಕೊಳ್ಳುವ ದೃಶ್ಯ ಬಂತು. ಸ್ನೇಹಿತರು ಎದ್ದರು. ಪಾರ್ಕಿಂಗ್ ಟೈಮ್ ನೋಡಿ ಬರ್ತೀನಿ ಎಂದು ಗೊಣಗಿ, ಕಾಲುಗಳನ್ನು ದಾಟಿಕೊಂಡು ಹೊರಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ಅಂಕಲ್ ಬಾಗಿಲ ಕಡೆ ತಿರುಗಿ ನೋಡಲಿಲ್ಲ, ಪರದೆಯನ್ನೂ ನೋಡುತ್ತಿರಲಿಲ್ಲ. ಅವರ ಕೈ ಖಾಲಿ ಸೀಟಿನ ತೋಳಿನ ಮೇಲಿತ್ತು. ನನಗೆ ಆ ಮನುಷ್ಯನ ಮೇಲೆ ಬಂದ ಸಿಟ್ಟನ್ನು ಇಲ್ಲಿ ಬರೆಯಲಾರೆ.

ಆಗ ಆಂಟಿ ಎದ್ದು ಹೋಗಿ ಗಂಡನ ಸೀಟಿನಲ್ಲಿ ಕೂತರು. ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು, "ಅವರಿಗೆ ಧೈರ್ಯ ಇಲ್ರಿ. ಮದಿವಿ ಆದಾಗಿಂದ ನೋಡಾಕತ್ತೀನಿ. ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ. ನಾ ಕುಂದರ್ತೀನಿ, ನೋಡೂಣು."

ಇಬ್ಬರೂ ಕೊನೆಯವರೆಗೂ ನೋಡಿದರು. ಸಿನಿಮಾದಲ್ಲಿ ಮೇಷ್ಟ್ರಿಗೆ ವರ್ಗವಾಗುತ್ತದೆ, ಅವರನ್ನು ದೋಣಿಯವನೇ ಆಚೆ ದಡಕ್ಕೆ ಬಿಟ್ಟು ಬರುತ್ತಾನೆ, ಅಲ್ಲಿಗೆ ಮುಗಿಯಿತು. ಆಂಟಿ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಪುಸ್ತಕದಲ್ಲಿ ಹೀಗಿಲ್ಲ ಎಂದು ಅಂಕಲ್ ಅವರಿಗೇ ಸಮಾಧಾನ ಹೇಳಿದರು. ಹೊರಗೆ ಕಾರಿನ ಪಕ್ಕ ನಿಂತಿದ್ದ ಸ್ನೇಹಿತರು ಸಿನಿಮಾ ಹೇಗಿತ್ತೆಂದು ಯಾರನ್ನೂ ಕೇಳಲಿಲ್ಲ. ನಾವು ನಾಲ್ವರೂ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದು, ಟ್ರಾಫಿಕ್ ಬಗ್ಗೆ ಮಾತಾಡಿದೆವು...

ಅದಾದ ಮೇಲೆ ಅಂಕಲ್ ಮತ್ತು ಆ ಸ್ನೇಹಿತರು ಮತ್ತೆ ಭೇಟಿಯಾಗಲಿಲ್ಲ. ದೀಪಾವಳಿಗೆ ಮಿಠಾಯಿ ಡಬ್ಬ ಕೊರಿಯರಿನಲ್ಲಿ ಬಂತು. ಮಾರನೆಯ ವರ್ಷ ಬೇಸಿಗೆಯಲ್ಲಿ ಅಂಕಲ್ ನಿದ್ದೆಯಲ್ಲೇ ಹೋದರು. ಅಂತ್ಯಕ್ರಿಯೆಗೆ ಬಂದ ಸ್ನೇಹಿತರು ಕೊನೆಯ ಸಾಲಿನಲ್ಲಿ ನಿಂತು, ಯಾರೋ ಕೇಳಿದಾಗ ಹಳೇ ರೂಮ್‌ಮೇಟ್ ಎಂದರು. ನಾನು ಮುಖ ತಿರುಗಿಸಿಕೊಂಡೆ. ಪುಸ್ತಕಗಳನ್ನು ಮನೆಗೆ ತಂದಿಟ್ಟುಕೊಂಡೆ.

ಕಳೆದ ವಾರ ಆಂಟಿ ಫೋನ್ ಮಾಡಿದರು. "ಇವರು ಆ ಸಿನಿಮಾ ಪೂರ್ತಿ ನೋಡಬೇಕಂತಾರವಾ. ಪುಸ್ತಕಾನೂ ನೋಡಬೇಕಂತ" ಎಂದರು. ಡಬ್ಬ ಇಳಿಸಿದ್ದು ಅದಕ್ಕೆ.

ಭಾನುವಾರ ಮಧ್ಯಾಹ್ನ ಇಬ್ಬರೂ ಬಂದರು. ಸ್ನೇಹಿತರ ಕೈಯಲ್ಲಿ ಕೋಲು, ಬಹಳ ಇಳಿದುಹೋಗಿದ್ದರು. ಸಿನಿಮಾ ಈಗ ಆನ್‌ಲೈನಿನಲ್ಲಿ ಸಿಗುತ್ತದೆ, ಹಾಕಿದೆ. ಸೋಫಾದ ಒಂದು ತುದಿಯಲ್ಲಿ ಕೂತವರು ಕೈ ಹಿಡಿಯುವ ದೃಶ್ಯದಲ್ಲಿ ಅಲ್ಲಾಡಲಿಲ್ಲ. ಆಂಟಿ ಬೇಕೆಂದೇ ನನ್ನ ಜೊತೆ ಊಟದ ಮೇಜಿನ ಹತ್ತಿರ ಕೂತಿದ್ದರು. ದೋಣಿ ಆಚೆ ದಡ ಮುಟ್ಟಿ ಪರದೆ ಕಪ್ಪಾದ ಮೇಲೆ ಸ್ನೇಹಿತರು ನನ್ನ ಕಡೆ ತಿರುಗಿದರು.

"ಅವತ್ತ ನಾ ಎದ್ದು ಹೋದ ಮ್ಯಾಲೆ ಅಂವ ಏನರ ಅಂದ್ನೇನವಾ?"

ಬೈದರು ಎಂದು ಹೇಳಬೇಕೆಂಬ ಆಸೆ ನನಗೆ ಇಲ್ಲದಿರಲಿಲ್ಲ. ಆದರೆ ದೀಪ ಹತ್ತಿದ ಕೂಡಲೇ ಓನರ್ ಅಂಕಲ್ ಆಡಿದ ಮಾತು ನನಗೆ ಚೆನ್ನಾಗಿ ನೆನಪಿತ್ತು, ಅದನ್ನೇ ಹೇಳಿದೆ.

"'ಬೇಗ ನಡಿ ಮಾರಾಯ್ತಿ, ಅವರು ಅಲ್ಲಿ ಒಬ್ರೇ ನಿಂತಿರ್ತಾರೆ' ಅಂದ್ರು ಅಂಕಲ್."

ಅವರು ಕರ್ಚೀಫನ್ನು ಮುಖಕ್ಕೆ ಒತ್ತಿಕೊಂಡು ಅತ್ತರು, ದನಿ ತಗ್ಗಿಸದೆ, ಹೆಂಡತಿಯ ಎದುರಿಗೇ. ಈ ಅಳುವನ್ನು ಕೇಳಬೇಕಾಗಿದ್ದವರು ನಾನೂ ಅಲ್ಲ, ಆಂಟಿಯೂ ಅಲ್ಲ. ಆಂಟಿ ಎದ್ದು ನೀರು ತಂದುಕೊಟ್ಟರು. ಸೋಫಾದಲ್ಲಿ ಅವರ ಪಕ್ಕ ಜಾಗವಿದ್ದರೂ ಆಂಟಿ ಅಲ್ಲಿ ಕೂರಲಿಲ್ಲ, ನಾನೂ ಕೂರಲಿಲ್ಲ.