ನೀಲಿ ಡಬ್ಬಿಗೆ ಹಾಕಲಾಗದ ನೋಟುಬುಕ್ಕು

ನಮ್ಮ ಕಾಂಡೋದ ನೆಲಮಹಡಿಯಲ್ಲಿ, ಲಿಫ್ಟಿನಿಂದ ಹೊರಬಂದು ಎಡಕ್ಕೆ ತಿರುಗಿದರೆ, ಮೂರು ಡಬ್ಬಿಗಳು ಸಾಲಾಗಿ ನಿಂತಿವೆ. ಕಾಗದಕ್ಕೆ ನೀಲಿ, ಗಾಜಿಗೆ ಕಂದು, ಪ್ಲಾಸ್ಟಿಕ್ಕು ಮತ್ತು ತಗಡಿಗೆ ಕಿತ್ತಳೆ. ಪೆನಾಂಗಿಗೆ ಬಂದ ಈ ಹದಿನಾಲ್ಕು ವರ್ಷಗಳಲ್ಲಿ ನಾನು ಅತ್ಯಂತ ನಿಷ್ಠೆಯಿಂದ ಪಾಲಿಸಿಕೊಂಡು ಬಂದ ವರ್ಣವ್ಯವಸ್ಥೆ ಇದೊಂದೇ. ಹಾಲಿನ ಡಬ್ಬದ ಮುಚ್ಚಳವನ್ನು ಕಿತ್ತು ಕಿತ್ತಳೆಗೂ, ಡಬ್ಬವನ್ನು ತೊಳೆದು ನೀಲಿಗೂ ಹಾಕುವ ನನ್ನನ್ನು ನೋಡಿ ಸೆಕ್ಯೂರಿಟಿಯವನು ಈ ಮನುಷ್ಯನಿಗೆ ಬೇರೆ ಕೆಲಸವಿಲ್ಲವೆಂದು ತೀರ್ಮಾನಿಸಿದ್ದಾನೆ. ಇಷ್ಟು ಶಿಸ್ತಿನವನಾದ ನನಗೂ ಕಳೆದ ವರ್ಷ ನಾಲ್ಕು ತಿಂಗಳ ಕಾಲ ಒಂದು ನೋಟುಬುಕ್ಕನ್ನು ಆ ನೀಲಿ ಡಬ್ಬಿಗೆ ಹಾಕುವ ಅಧಿಕಾರವಿರಲಿಲ್ಲ. ಅದರ ಕತೆಯನ್ನೇ ಹೇಳಲು ಹೊರಟಿದ್ದೇನೆ.

ನಾನು ಉಡುಪಿಯವನು. ಇಲ್ಲಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಶರೀರರಚನಾಶಾಸ್ತ್ರ ಕಲಿಸುತ್ತೇನೆ, ಅಂದರೆ ಮೂಳೆಗಳ ಹೆಸರನ್ನು ವರ್ಷವರ್ಷವೂ ಹೊಸ ಮಕ್ಕಳಿಗೆ ಹೇಳಿಕೊಟ್ಟು ಅವರು ಅದನ್ನು ಮರೆಯುವುದಕ್ಕೆ ಸಾಕ್ಷಿಯಾಗುತ್ತೇನೆ. ಭಾನುವಾರ ಬೆಳಿಗ್ಗೆ ಬಯಾನ್ ಲೆಪಾಸಿನಿಂದ ಬಸ್ಸು ಹಿಡಿದು ಜಾರ್ಜ್‌ಟೌನಿಗೆ ಹೋಗಿ, ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಪರೋಟದಂಥ ರೊಟ್ಟಿ ಚನಾಯ್ ತಿಂದು, ಹಳೆಯ ಬೀದಿಗಳಲ್ಲಿ ಅಡ್ಡಾಡುವುದು ನನ್ನ ಏಕೈಕ ವ್ಯಸನ. ಈ ವ್ಯಸನದ ಸುದ್ದಿ ತಿಳಿದಿದ್ದ ನನ್ನ ಸಹೋದ್ಯೋಗಿ, ಕೊಚ್ಚಿಯ ಸರ್ಜನ್ ಒಬ್ಬರು, ಒಂದು ದಿನ ಸಣ್ಣದೊಂದು ಉಪಕಾರ ಕೇಳಿದರು. ಅವರ ತಾಯಿಯ ಬಾಲ್ಯದ ಗೆಳತಿಯೊಬ್ಬರು, ಕೊಚ್ಚಿಯ ಯಹೂದಿ ಹೆಂಗಸು, ಹತ್ತು ವರ್ಷದವರಿದ್ದಾಗ ಮನೆಯವರೊಂದಿಗೆ ಇಸ್ರೇಲಿಗೆ ಹೋದವರು, ಹೆಸರು ಮಿರಿಯಮ್, ಜೀವನವಿಡೀ ಅಲ್ಲಿನ ಚಿಕ್ಕ ಮಕ್ಕಳಿಗೆ ಪ್ರಾರ್ಥನೆಯ ಪುಸ್ತಕದಿಂದ ಹೀಬ್ರೂ ಓದಲು ಕಲಿಸಿದವರು. ಅವರ ತಂದೆ ಮೋಶೆ ಎಂಬವರು ವ್ಯಾಪಾರಕ್ಕೆಂದು ಪೆನಾಂಗಿಗೆ ಬಂದು ಇಲ್ಲಿಯೇ ತೀರಿಕೊಂಡಿದ್ದರು. ಇಲ್ಲಿನ ಹಳೆಯ ಯಹೂದಿ ಸ್ಮಶಾನಕ್ಕೆ ಹೋಗಿ ಅವರ ಗೋರಿಕಲ್ಲಿನದೊಂದು ಫೋಟೋ ತೆಗೆದು ಕಳಿಸಬೇಕು, ಅಷ್ಟೇ.

ಅಷ್ಟೇ ಎಂಬ ಮಾತಿನಿಂದ ಶುರುವಾದ ಯಾವ ಕೆಲಸವೂ ನನ್ನ ಬದುಕಿನಲ್ಲಿ ಅಷ್ಟಕ್ಕೇ ಮುಗಿದದ್ದಿಲ್ಲ. ಹೋದೆ, ಫೋಟೋ ತೆಗೆದೆ, ಕಳಿಸಿದೆ. ಇಂಗ್ಲಿಷ್ ಇರುವ ಕಲ್ಲುಗಳ ಪೈಕಿ ಆ ಹೆಸರಿರಲಿಲ್ಲ. ಉಳಿದದ್ದು ಬರೀ ಹೀಬ್ರೂ ಇರುವ ಏಳೆಂಟು ಕಲ್ಲುಗಳು. ಮಳೆಗೆ ಸವೆದು, ಪಾಚಿ ಹಿಡಿದು, ಫೋಟೋದಲ್ಲಿ ಕರಿಯ ಹಲಗೆಗಳಾಗಿ ಕಾಣುತ್ತಿದ್ದವು. ಮಿರಿಯಮ್ ಟೀಚರಿಗೆ ಎಂಬತ್ತು ದಾಟಿದೆ, ಕಣ್ಣು ಮಂಜು. ಅವರ ಮಗಳು ದೊಡ್ಡದು ಮಾಡಿ ತೋರಿಸಿದರೂ ಏನೂ ತಿಳಿಯಲಿಲ್ಲವಂತೆ. ಅವರೇ ಬಂದು ನೋಡೋಣವೆಂದರೆ ಅವರ ಇಸ್ರೇಲಿ ಪಾಸ್‌ಪೋರ್ಟಿಗೆ ಈ ದೇಶದ ಬಾಗಿಲು ತೆರೆಯುವುದಿಲ್ಲ.

ಅವರಿಗೆ ಬೇಕಾಗಿದ್ದದ್ದು ಫೋಟೋ ಕೂಡ ಅಲ್ಲ, ತಿಥಿ. ನಮ್ಮಲ್ಲಿ ಶ್ರಾದ್ಧಕ್ಕೆ ಹೇಗೆ ಇಂಗ್ಲಿಷ್ ತಾರೀಕು ನಡೆಯುವುದಿಲ್ಲವೋ ಹಾಗೆಯೇ ಅವರಲ್ಲೂ ತೀರಿಕೊಂಡವರ ನೆನಪಿಗೆ ದೀಪ ಹಚ್ಚುವುದು ಅವರ ಚಾಂದ್ರಮಾನದ ತಿಥಿಯ ಪ್ರಕಾರ. ತಂದೆ ಹೋದಾಗ ಈಕೆಗೆ ಆರು ವರ್ಷ. ಕೊಚ್ಚಿಗೆ ಸುದ್ದಿಯ ಕಾಗದ ಬಂದದ್ದು ವಾರಗಟ್ಟಲೆ ತಡವಾಗಿ. ಯಾವ ದಿನ ಹೋದರೆಂದು ಅದರಲ್ಲಿ ಇತ್ತೋ ಇಲ್ಲವೋ, ದೇಶ ಬಿಡುವ ಗಡಿಬಿಡಿಯಲ್ಲಿ ಆ ಕಾಗದವೂ ಕಳೆದುಹೋಯಿತು. ಕಾಗದ ಕೈಗೆ ಬಂದ ದಿನವನ್ನೇ ಹಿಡಿದುಕೊಂಡು ಮೊದಲು ತಾಯಿ, ಆಮೇಲೆ ಈಕೆ, ಎಪ್ಪತ್ತಕ್ಕೂ ಹೆಚ್ಚು ವರ್ಷ ದೀಪ ಹಚ್ಚಿದ್ದರು. ಸಾಯುವುದರೊಳಗೆ ಒಂದು ಸಲವಾದರೂ ಸರಿಯಾದ ದಿನ ಹಚ್ಚಬೇಕು ಎಂದು ಫೋನಿನಲ್ಲಿ ಹೇಳಿದಾಗ ಅವರ ಧ್ವನಿಯಲ್ಲಿ ಅಳುವೇನೂ ಇರಲಿಲ್ಲ, ಹೋಂವರ್ಕ್ ಬಾಕಿ ಉಳಿದ ಟೀಚರಿನ ಬೇಸರವಿತ್ತು.

"ಫೋಟೋ ಸಾಲದು ಡಾಕ್ಟರೇ," ಎಂದರು, ಇಂಗ್ಲಿಷಿನಲ್ಲಿ, ನಡುನಡುವೆ ಎಪ್ಪತ್ತು ವರ್ಷ ಹಳೆಯದಾದ ಮಲಯಾಳ ಸೇರಿಸಿ. "ಓದು ಬರುವವರು ಕಲ್ಲಿನ ಮುಂದೆ ಕೂತುಕೊಳ್ಳಬೇಕು. ನೀವು ಕಲಿಯಿರಿ. ನಾನು ಕಲಿಸುತ್ತೇನೆ."

ಹೀಗೆ ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಒಂದನೇ ಕ್ಲಾಸಿಗೆ ಸೇರಿದೆ. ವಾರಕ್ಕೆ ಮೂರು ದಿನ, ಕಾಲೇಜು ಮುಗಿಸಿ ಬಂದು, ಲ್ಯಾಪ್‌ಟಾಪಿನ ಮುಂದೆ ಮುಕ್ಕಾಲು ಗಂಟೆ. ಮೊದಲ ಪಾಠದಲ್ಲಿ ಒಂದು ಕಾಗದದ ಮೇಲೆ ಮೊದಲಕ್ಷರ ಬರೆದು, ಅದರ ಮೇಲೆ ಒಂದು ಹನಿ ಜೇನು ಹಾಕಿ ನೆಕ್ಕಲು ಹೇಳಿದರು. ವಿದ್ಯೆ ಸಿಹಿಯೆಂದು ನಾಲಗೆಗೆ ಮೊದಲು ತಿಳಿಯಬೇಕಂತೆ, ಅವರ ಕಡೆ ಮಕ್ಕಳಿಗೆ ಹಾಗೆಯೇ ಮಾಡುವುದಂತೆ. ಹರಿವಾಣದ ಅಕ್ಕಿಯಲ್ಲಿ ಬೆರಳು ಹಿಡಿಸಿ ಓಂಕಾರ ಬರೆಸಿಕೊಂಡವನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನನ್ನ ಸಕ್ಕರೆಯ ಮಟ್ಟ ಗಡಿಯ ಮೇಲೆ ನಿಂತಿದೆ ಎಂಬ ವೈದ್ಯಕೀಯ ಸತ್ಯವನ್ನು ಗುರುಗಳಿಂದ ಮುಚ್ಚಿಟ್ಟು ನೆಕ್ಕಿದೆ.

ಅವರ ಕ್ರಮದಲ್ಲಿ 'ನೀರು ಕೊಡಿ', 'ಬಸ್ಸು ಎಷ್ಟು ಹೊತ್ತಿಗೆ' ಎಂಬಂಥ ಲೌಕಿಕಗಳಿಗೆ ಜಾಗವೇ ಇರಲಿಲ್ಲ. ಅಕ್ಷರ ಮುಗಿದ ಕೂಡಲೇ ಪ್ರಾರ್ಥನೆಯ ಪುಸ್ತಕ. ರೊಟ್ಟಿ ಮುರಿಯುವಾಗಿನ ಸ್ತುತಿ, ಕೈ ತೊಳೆಯುವಾಗಿನ ಸ್ತುತಿ, ಬೆಳಿಗ್ಗೆ ಕಣ್ಣು ಬಿಟ್ಟದ್ದಕ್ಕೆ ಕೃತಜ್ಞತೆ. ಪ್ರತಿ ಅಕ್ಷರದ ಕೆಳಗೂ ಬೆರಳಿಟ್ಟುಕೊಂಡೇ ಓದಬೇಕು. ಬೆರಳು ಎತ್ತಿದರೆ, ಕಣ್ಣು ಕಾಣದಿದ್ದರೂ ಅದು ಹೇಗೋ ಅವರಿಗೆ ಗೊತ್ತಾಗುತ್ತಿತ್ತು. ಅರ್ಥ ಕೇಳಿದರೆ, ಮೊದಲು ಬಾಯಿಗೆ ಬರಲಿ ಎನ್ನುತ್ತಿದ್ದರು. ಉಪನಯನದಲ್ಲಿ ನಮ್ಮ ಪುರೋಹಿತರು ಹೇಳಿದ್ದೂ ಇದನ್ನೇ, ಅರ್ಥ ಇನ್ನೂ ದಾರಿಯಲ್ಲೇ ಇದೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ನಾನು ಬಲದಿಂದ ಎಡಕ್ಕೆ, ತಡವರಿಸುತ್ತಾ, ದೇವರನ್ನು ಅರ್ಧ ಗಂಟೆ ಸ್ತುತಿಸಬಲ್ಲವನಾಗಿದ್ದೆ.

ಇಲ್ಲಿಯೇ ಎಡವಿದ್ದು. ಪುಸ್ತಕದಲ್ಲಿ ಮತ್ತೆಮತ್ತೆ ಬರುವ ನಾಲ್ಕಕ್ಷರದ ಒಂದು ಪದವನ್ನು ಟೀಚರು ಬರೆದಂತೆ ಓದಿಸದೆ, ಅದರ ಬದಲಿಗೆ 'ಒಡೆಯ' ಎಂಬರ್ಥದ ಬೇರೊಂದು ಪದ ಹೇಳಿಸುತ್ತಿದ್ದರು. ಅದು ದೇವರ ಹೆಸರು, ಬಾಯಿಬಿಟ್ಟು ಹೇಳುವಂತಿಲ್ಲ ಎಂದಿದ್ದರು. ಹೇಳುವಂತಿಲ್ಲ ಎಂದಿದ್ದರೇ ಹೊರತು ಬರೆಯುವಂತಿಲ್ಲ ಎಂದಿರಲಿಲ್ಲ ಎಂಬುದು ಇವತ್ತಿಗೂ ನನ್ನ ವಾದ. ನನ್ನ ಅಜ್ಜಿ ಪ್ರತಿದಿನ ಸ್ನಾನ ಮಾಡಿ, ಗೆರೆ ಹಾಕಿದ ನೋಟುಬುಕ್ಕಿನಲ್ಲಿ ಶ್ರೀರಾಮ ಎಂದು ನೂರೆಂಟು ಸಲ ಬರೆದ ಹೊರತು ಕಾಫಿ ಮುಟ್ಟಿದವರಲ್ಲ. ಆ ಮನೆಯಲ್ಲಿ ಬೆಳೆದವನಿಗೆ ಅಕ್ಷರವೂ ದುಂಡಗಾಗಬೇಕು, ಪುಣ್ಯವೂ ಬರಬೇಕು, ಗುರುಗಳೂ ಮೆಚ್ಚಬೇಕು ಎನಿಸಿದರೆ ಏನು ಮಾಡಿಯಾನು? ಒಂದು ಶನಿವಾರ ಸ್ನಾನ ಮಾಡಿ, ದೇವರ ಕೋಣೆಯಲ್ಲಿ ಕೂತು, ಆ ನಾಲ್ಕಕ್ಷರವನ್ನು ನೂರೆಂಟು ಸಲ ಬರೆದೆ. ಎಡಬದಿಗೆ ಕ್ರಮಸಂಖ್ಯೆ ಕೂಡ ಹಾಕಿದ್ದೆ.

ಮುಂದಿನ ಪಾಠದಲ್ಲಿ ಹೆಮ್ಮೆಯಿಂದ ಹೇಳಿದೆ.

"ಎಷ್ಟು ಸಲ ಎಂದಿರಿ?"

"ನೂರೆಂಟು."

"ಇವತ್ತಿಗೆ ಸಾಕು," ಎಂದು ಕರೆ ಮುಗಿಸಿದರು.

ಆ ವಾರ ಪಾಠವಿಲ್ಲ, ಮರುವಾರವೂ ಇಲ್ಲ. ತಿಥಿ ಕೈತಪ್ಪಿಹೋಯಿತು, ಹಣ್ಣು ಮುದುಕಿಯ ಮನಸ್ಸನ್ನೂ ನೋಯಿಸಿದೆ ಎಂದು ನನಗೆ ಊಟ ರುಚಿಸಲಿಲ್ಲ. ಹದಿನೈದನೆಯ ದಿನ ಅವರೇ ಕರೆದರು. ಸಿಟ್ಟು ನಿಮ್ಮ ಮೇಲಲ್ಲ, ಮೊದಲೇ ಹೇಳದ ನನ್ನ ಮೇಲೆ ಎಂದರು. ಆ ಹೆಸರು ಬರೆದ ಕಾಗದವನ್ನು ಅವರಲ್ಲಿ ಎಸೆಯುವಂತಿಲ್ಲ, ಹರಿಯುವಂತಿಲ್ಲ, ಸುಡುವಂತಿಲ್ಲ. ಹಳೆಯದಾದ ಪವಿತ್ರ ಪುಸ್ತಕಗಳನ್ನು ಮನುಷ್ಯರನ್ನು ಹೂಳುವಂತೆಯೇ ಸ್ಮಶಾನದಲ್ಲಿ ಮಣ್ಣು ಮಾಡುತ್ತಾರೆ. ಆದ್ದರಿಂದಲೇ ಅದನ್ನು ಯಾರೂ ಸುಮ್ಮನೆ ಬರೆಯುವುದಿಲ್ಲ. ಸಮುದ್ರ ಇಲ್ಲೇ ಹತ್ತಿರ, ನಮ್ಮ ಕ್ರಮದಲ್ಲಿ ನೀರಿಗೆ ಬಿಡಬಹುದಲ್ಲ ಎಂದು ಕೇಳಿದೆ. "ನೀರಲ್ಲ, ಮಣ್ಣು," ಎಂದರು. "ಕಲ್ಲು ಓದಲು ಹೋಗುವ ದಿನ ಹೂಳಿದರಾಯಿತು, ಅಲ್ಲಿಯವರೆಗೆ ಅದು ನಿಮ್ಮ ಜವಾಬ್ದಾರಿ." (ಆ ನಾಲ್ಕಕ್ಷರವನ್ನು ನಾನು ಇಲ್ಲಿ ಬರೆಯದಿರುವ ಕಾರಣ ನಿಮಗೆ ಈಗ ತಿಳಿದಿರಬೇಕು, ಇದನ್ನು ಓದಿ ಮುಗಿಸಿದ ಮೇಲೆ ನೀವು ಈ ಹಾಳೆಯಲ್ಲಿ ಚಕ್ಕುಲಿ ಕಟ್ಟಿಕೊಡಬಹುದು.)

ಹನ್ನೊಂದನೆಯ ಮಹಡಿಯಲ್ಲಿರುವ ನಮಗೆ ಮಣ್ಣೆಂದರೆ ತುಳಸಿಯ ಕುಂಡದಲ್ಲಿರುವಷ್ಟೇ. ನೋಟುಬುಕ್ಕು ದೇವರ ಕೋಣೆಯಲ್ಲಿ, ಕೃಷ್ಣನ ಪಟಕ್ಕೂ ಪಂಚಾಂಗಕ್ಕೂ ನಡುವೆ ಕೂತಿತು. "ಎಂತ ಮಾರಾಯ್ರೆ, ಬೇರೆಯವರ ದೇವರನ್ನು ತಂದು ಮನೆಯಲ್ಲಿ ಕೂಡಿಹಾಕಿದ್ದೀರಿ," ಎಂದು ನನ್ನ ಹೆಂಡತಿ ಮೊದಲ ದಿನ ಗದರಿದಳು. ಎರಡನೆಯ ದಿನದಿಂದ ಅದರ ಮೇಲೂ ಒಂದು ಹೂವು ಇಡತೊಡಗಿದಳು. ಇಲ್ಲಿಯೇ ಹುಟ್ಟಿ ಬೆಳೆದ ಮಗಳು ಕನ್ನಡದಲ್ಲಿ ಎಲ್ಲವನ್ನೂ ಕೇಳಿಸಿಕೊಂಡು, ಇಲ್ಲಿನವರ ಧಾಟಿಯ ಇಂಗ್ಲಿಷಿನಲ್ಲಿ, "ಅಪ್ಪಾ, ಜಸ್ಟ್ ರಿಸೈಕಲ್ ಇಟ್ ಲಾ," ಎಂದಳು.

ಪಾಠ ಮತ್ತೆ ನಡೆಯಿತು. ಅಕ್ಷರಗಳೇ ಅಂಕೆಗಳಾಗುವ ಬಗೆ, ತಿಂಗಳುಗಳ ಹೆಸರು, ಗೋರಿಯ ಮೇಲೆ ಬರೆಯುವ ವಾಡಿಕೆಯ ಮಾತುಗಳು ಇವಿಷ್ಟನ್ನೂ ಕಲಿತು, ನೋಟುಬುಕ್ಕು ದೇವರ ಕೋಣೆ ಸೇರಿ ನಾಲ್ಕು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಒಂದು ಬಕೆಟ್ಟು, ಮೆತ್ತನೆಯ ಬ್ರಷ್ಷು, ಜೊತೆಗೆ ನೋಟುಬುಕ್ಕು ಹಿಡಿದು ಸ್ಮಶಾನಕ್ಕೆ ಹೋದೆ. ಅಲ್ಲಿ ಎಲೆ ಗುಡಿಸುತ್ತಿದ್ದ ಮುತ್ತಯ್ಯ ಎಂಬ ತಮಿಳು ಮುದುಕರು ನೀರು ತುಂಬಿಸಿಕೊಟ್ಟರು. ಟೀಚರು ಫೋನಿನಲ್ಲಿದ್ದರು, ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡೆ.

ಐದನೆಯ ಕಲ್ಲಿಗೆ ಬಂದಾಗ ಕಣ್ಣಿಗೆ ಏನೂ ಕಾಣಲಿಲ್ಲ. ಪಾಚಿ ಹೋದರೂ ಅಕ್ಷರಗಳು ಸವೆದು ಕಲ್ಲಿನ ಬಣ್ಣಕ್ಕೇ ತಿರುಗಿದ್ದವು. ನನ್ನ ವಿದ್ಯಾರ್ಥಿಗಳಿಗೆ ನಾನು ಇಪ್ಪತ್ತೈದು ವರ್ಷದಿಂದ ಹೇಳುತ್ತಾ ಬಂದಿರುವುದು ಒಂದೇ, ಚರ್ಮದ ಕೆಳಗಿನ ಮೂಳೆಯನ್ನು ನೋಡಬೇಡಿ, ಮುಟ್ಟಿ ತಿಳಿಯಿರಿ ಎಂದು. ಕಣ್ಣು ಮುಚ್ಚಿ ಬೆರಳಿಟ್ಟೆ. ಬಲದಿಂದ ಎಡಕ್ಕೆ, ಒಂದೊಂದೇ ಅಕ್ಷರ, ಗಟ್ಟಿಯಾಗಿ ಹೇಳುತ್ತಾ ಹೋದೆ. ಆ ಕಡೆ ಟೀಚರು ಪ್ರತಿ ಅಕ್ಷರಕ್ಕೂ ಹೂಂ ಎನ್ನುತ್ತಿದ್ದರು. ಮೋಶೆ, ಇಸಾಕನ ಮಗ. ಅಲ್ಲಿಗೆ ಹೂಂ ನಿಂತುಹೋಯಿತು. ಕೆಳಗಿನ ಸಾಲಿಗೆ ಬೆರಳು ಇಳಿಸಿದೆ. ಕಿಸ್ಲೇವ್ ಮಾಸ, ಇಪ್ಪತ್ತಮೂರು. ಅವರ ತಿಂಗಳೂ ನಮ್ಮಂತೆ ಅಮಾವಾಸ್ಯೆ ಕಳೆದು ಶುರುವಾಗುವುದರಿಂದ ನಮ್ಮ ಲೆಕ್ಕದಲ್ಲಿ ಬಹುಳ ಅಷ್ಟಮಿಯ ಆಸುಪಾಸು.

"ಇನ್ನೊಮ್ಮೆ ಓದಿ," ಎಂದರು. ಓದಿದೆ. "ಇನ್ನೊಮ್ಮೆ." ಮೂರನೆಯ ಸಲವೂ ಓದಿದೆ. ಅವರೂ ಅಳುತ್ತಿದ್ದರು, ನಾನೂ ಅತ್ತೆ, ಮುತ್ತಯ್ಯನವರು ಪೊರಕೆ ಹಿಡಿದು ನಿಂತಿದ್ದರು.

ಇನ್ನು ಕಾಗದ ಬಂದ ಆ ದಿನವನ್ನು ಬಿಡುತ್ತೀರಾ ಎಂದು ಕೇಳಿದೆ. "ಯಾಕೆ ಬಿಡಲಿ?" ಎಂದರು ಮೂಗು ಒರೆಸಿಕೊಳ್ಳುತ್ತಾ. "ಅಪ್ಪ ಹೋದದ್ದು ಈ ದಿನ. ನನಗೆ ಅಪ್ಪ ಇಲ್ಲವಾದದ್ದು ಆ ದಿನ. ಎರಡೂ ದಿನ ಹಚ್ಚುತ್ತೇನೆ."

ನೋಟುಬುಕ್ಕನ್ನು ಆ ಕಲ್ಲಿನ ಬುಡದಲ್ಲೇ ಹೂಳಿ ಎಂದವರೂ ಅವರೇ. ಏನು ಅದು ಎಂದು ಮುತ್ತಯ್ಯ ಕೇಳಿದರು. ಸಾಮಿ ಹೆಸರು ಬರೆದ ಪುಸ್ತಕ ಎಂದು ನನಗೆ ಬರುವಷ್ಟು ತಮಿಳಿನಲ್ಲಿ ಹೇಳಿದೆ. ಯಾವ ಸಾಮಿ ಎಂದು ಅವರು ಕೇಳಲಿಲ್ಲ. ಚಪ್ಪಲಿ ಕಳಚಿಟ್ಟು, ಗುದ್ದಲಿ ತಂದು, ಮೊಣಕೈ ಆಳದ ಗುಂಡಿ ತೋಡಿಕೊಟ್ಟರು.

ಮನೆಗೆ ಬಂದು ಜೇಬು ನೋಡಿಕೊಂಡರೆ ಒಂದು ಹಾಳೆ ಉಳಿದಿತ್ತು, ಕಲ್ಲಿನ ಮುಂದೆ ಕೂತು ಆ ಎರಡು ಸಾಲುಗಳನ್ನು ಗೀಚಿಕೊಂಡದ್ದು. ಈಗ ನಿಯಮ ಬಲ್ಲವನಾದ್ದರಿಂದ ಟೀಚರನ್ನು ಕೇಳಿದೆ. ಅದರಲ್ಲಿ ದೇವರ ಹೆಸರಿಲ್ಲ, ನನ್ನ ಅಪ್ಪನ ಹೆಸರಷ್ಟೇ, ಧಾರಾಳವಾಗಿ ನಿಮ್ಮ ನೀಲಿ ಡಬ್ಬಿಗೆ ಹಾಕಿ ಎಂದರು. ಆ ಹಾಳೆ ಹಿಡಿದು ಎರಡು ಸಲ ಲಿಫ್ಟಿನಲ್ಲಿ ಇಳಿದಿದ್ದೇನೆ, ಎರಡು ಸಲವೂ ಅದರ ಜೊತೆಗೇ ಹತ್ತಿದ್ದೇನೆ. ಈಗ ಅದು ಕೃಷ್ಣನ ಪಟಕ್ಕೂ ಪಂಚಾಂಗಕ್ಕೂ ನಡುವೆ ಇದೆ, ಹೂವು ದಿನಾ ಬೀಳುತ್ತಿದೆ.