ಶಾಂತಾದೇವಿಯವರ ಲ್ಯಾಪ್‌ಟಾಪಿಗೆ ತಗುಲಿದ ದೃಷ್ಟಿ

ಅನುಮಾನ ಅಂದರೆ ಬೇರೆಯವರಿಗೆ ಕಾಯಿಲೆ, ಶಾಂತಾದೇವಿಯವರಿಗೆ ಅದೇ ಅನ್ನ. ಬಿಟಿಎಂ ಲೇಔಟಿನ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಲಿಂಗಾಯತ ಮನೆತನಗಳಿಗಾಗಿ ವಧೂವರರ ಕೇಂದ್ರ ನಡೆಸುತ್ತಿದ್ದ ಈ ಹೆಂಗಸು ಯಾವ ಗಂಡಿನ ಬಯೋಡೇಟಾವನ್ನೂ ಬರೆದದ್ದು ಬರೆದಂತೆ ನಂಬಿದವರಲ್ಲ. ಬನಶಂಕರಿಯಲ್ಲಿ ಸ್ವಂತ ಮನೆ ಎಂದು ಬರೆದಿದ್ದರೆ ಆ ಬೀದಿಗೇ ಹೋಗಿ, ತಳ್ಳುಗಾಡಿಯವನ ಹತ್ತಿರ ಬೇಡದ ಕೊತ್ತಂಬರಿ ಕಟ್ಟು ಕೊಂಡು, ಮಾತಿಗೆ ಮಾತು ತೆಗೆದು, ಮನೆ ಗಂಡಿನದಲ್ಲ ಅವನ ಸೋದರಮಾವನದು ಎಂದು ಪತ್ತೆ ಮಾಡಿಕೊಂಡೇ ವಾಪಸ್ಸು ಬರುತ್ತಿದ್ದರು.

“ಹುಡುಗ ಕುಡಿಯಲ್ಲ ತಾನೇ ಅಂತ ಅವರಮ್ಮನ್ನ ಕೇಳಿದ್ರೆ ಏನ್ ಬಂತು? ಅವನ ಶರ್ಟು ಇಸ್ತ್ರಿ ಮಾಡೋನ್ನ ಕೇಳ್ಬೇಕು” ಎನ್ನುವುದು ಅವರ ಮೊದಲ ಸೂತ್ರ. ಎರಡನೆಯದು ಇನ್ನೂ ಖಾರ. ಅದನ್ನು ಬಂದ ತಂದೆತಾಯಿಗಳನ್ನೆಲ್ಲ ಎದುರಿಗೆ ಕೂರಿಸಿಕೊಂಡು ಹೇಳುತ್ತಿದ್ದರು: “ಯಾರನ್ನಾದ್ರೂ ವಿಚಾರಿಸಿದಾಗ ಎಷ್ಟು ಹೊಗಳಿದ್ರು ಅಂತ ನೋಡ್ಬೇಡಿ. ಮೊದಲನೇ ಸಲ ಕೇಳಿದಾಗ ಎಲ್ಲಿ ತಡವರಿಸಿದ್ರು, ಅದನ್ನ ನೋಡಿ. ಆಮೇಲೆ ತಾವಾಗೇ ಫೋನ್ ಮಾಡಿ ಹೊಗಳಿದ್ರೆ, ಅದು ತೇಪೆ ಹಾಕೋದು ಅಷ್ಟೇ.”

ಜನ ಈ ಮಾತನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡು ಹೋಗುತ್ತಿದ್ದರು. ಶಾಂತಾದೇವಿ ಹೂಂ ಅಂದ ಸಂಬಂಧ ಕೆಟ್ಟದ್ದಿಲ್ಲ ಎಂಬ ಹೆಸರಿತ್ತು. ಅವರ ಯಜಮಾನರು ಏಕಾಂತಯ್ಯ, ಬ್ಯಾಂಕಿನಿಂದ ನಿವೃತ್ತರಾಗಿ ಪೇಪರಿನ ಹಿಂದೆ ಅಡಗಿ ಕಾಲ ಕಳೆಯುವವರು. “ನನ್ನನ್ನ ಮದ್ವೆ ಆಗೋವಾಗ ಇವಳು ಇಷ್ಟು ವಿಚಾರಿಸಿದ್ದಿದ್ರೆ ನಾನು ಇವತ್ತಿಗೂ ಬ್ರಹ್ಮಚಾರಿ” ಎಂದು ಪೇಪರಿನ ಹಿಂದಿನಿಂದಲೇ ಗೊಣಗುತ್ತಿದ್ದರು.

ಇಂಥ ಶಾಂತಾದೇವಿಯವರು ನಂಬಿದ್ದು ಒಬ್ಬಳನ್ನೇ. ಅಂಜನಾ, ಮಡಿವಾಳ ಮಾರ್ಕೆಟ್ಟಿನಲ್ಲಿ ದಿನಸಿ ಅಂಗಡಿ ಇಟ್ಟಿರುವ ನೀಲಕಂಠಪ್ಪನ ಮಗಳು. ಬಿಕಾಂ ಮುಗಿಸಿ ಕೇಂದ್ರಕ್ಕೆ ಕೆಲಸಕ್ಕೆ ಸೇರಿ, ಬೀರುವಿನಲ್ಲಿ ಗೆದ್ದಲಿಗೆ ಆಹಾರವಾಗುತ್ತಿದ್ದ ಬಯೋಡೇಟಾಗಳನ್ನೆಲ್ಲ ಲ್ಯಾಪ್‌ಟಾಪಿಗೆ ಹತ್ತಿಸಿದವಳು ಅವಳೇ. ಪಾಪ, ಅವಳಿಗೆ ಹಿಂದೊಂದು ಸಂಬಂಧ ಗೊತ್ತಾಗಿ, ಛತ್ರ ಹುಡುಕುವ ಹೊತ್ತಿಗೆ ಯಾರೋ ಆಡಿದ ಮಾತಿಗೆ ಮುರಿದುಬಿದ್ದಿತ್ತು. ಆಮೇಲೆ ಹುಡುಗಿ ಯಾವ ಗಂಡನ್ನೂ ನೋಡಲು ಒಪ್ಪಿರಲಿಲ್ಲ. ಶಾಂತಾದೇವಿಯವರೇ ಹಟ ಹಿಡಿದು ಜೆಪಿ ನಗರದ ಗಂಗಾಂಬಿಕೆಯವರ ಮಗ ಶಶಿಕಾಂತನನ್ನು ತೋರಿಸಿದರು. ಇಬ್ಬರೂ ಜಯನಗರದ ಹೋಟೆಲಿನಲ್ಲಿ ಕಾಫಿ ಕುಡಿದರು, ಇನ್ನೊಂದು ಸಲ ಕುಡಿದರು. ಅಂಜನಾ ಕೆಲಸ ಮಾಡುತ್ತ ಮಾಡುತ್ತ ತನ್ನಷ್ಟಕ್ಕೆ ನಗತೊಡಗಿದಳು. ಇನ್ನು ಗಂಗಾಂಬಿಕೆಯವರದೊಂದು ಒಪ್ಪಿಗೆ ಬರಬೇಕಿತ್ತು.

ಅಷ್ಟರಲ್ಲಿ ಲ್ಯಾಪ್‌ಟಾಪು ಕೈಕೊಡಲು ಶುರುಮಾಡಿತು.

ಹುಡುಗಿಯ ಮನೆಯವರು ಬಂದು ಕೂತು, ಗಂಡುಗಳ ಫೋಟೋ ಒಂದೊಂದಾಗಿ ತೆರೆಯುತ್ತಿರುವಾಗ ಪಕ್ಕನೆ ಪರದೆ ನೀಲಿಯಾಗುತ್ತಿತ್ತು. ಇಲ್ಲವೇ ಹೇಳದೆ ಕೇಳದೆ ಪೂರ್ತಿ ಆರಿಹೋಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಬರುತ್ತಿತ್ತು. ಸುದ್ದಗುಂಟೆಪಾಳ್ಯದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ದೀಪಕ್ ಬಂದು ಚಾರ್ಜರ್ ಬದಲಾಯಿಸಿದ, ವೈರಸ್ ಹುಡುಕಿದ, ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದ. ವಾರ ಕಳೆಯುವುದರೊಳಗೆ ಮತ್ತದೇ ರಾಗ, ಅದೇ ಹಾಡು.

“ಆಂಟಿ, ಬಿಚ್ಚಿ ನೋಡ್ಬೇಕು. ಒಂದಿನ ಅಂಗಡೀಲಿ ಬಿಟ್ಟಿರಿ” ಎಂದ ದೀಪಕ್.

“ಬಿಚ್ತೀಯಾ? ಒಳಗಿರೋ ಒಳ್ಳೆ ಪಾರ್ಟ್ ತೆಗ್ದು ಹಳೇದು ಹಾಕೋದಕ್ಕಾ? ಎಷ್ಟು ಜನರನ್ನ ನೋಡಿಲ್ಲಪ್ಪಾ ನಾನು! ಏನ್ ಮಾಡೋದಿದ್ರೂ ಬಿಚ್ಚದೆ ಮಾಡು.”

ಡಾಕ್ಟರಿಗೆ ಬಾಯಿ ತೆರೆದು ತೋರಿಸದೆ ಹಲ್ಲುನೋವಿಗೆ ಔಷಧಿ ಕೊಡು ಅಂದ ಹಾಗಾಯಿತು. ದೀಪಕ್ ತಲೆ ಕೆರೆದುಕೊಂಡು ಹೋದ.

ಇದು ದೃಷ್ಟಿಯೇ ಎಂದು ಶಾಂತಾದೇವಿಯವರು ತೀರ್ಮಾನಿಸಿದರು. ಅನ್ನ ಕೊಡುವ ಸಾಮಾನಿಗೆ ನಡೆದುಕೊಳ್ಳಬೇಕಾದ ಹಾಗೆ ಅವರು ಮೊದಲಿನಿಂದಲೂ ನಡೆದುಕೊಂಡಿದ್ದರು. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಮೂರು ಬೆರಳಿನ ವಿಭೂತಿ, ಸೋಮವಾರ ಲೋಬಾನದ ಧೂಪ. ಈಗ ಧೂಪವನ್ನು ದಿನಾ ಮಾಡಿದರು. ವಿಭೂತಿ ಗಟ್ಟಿಯನ್ನು ಪುಡಿ ಮಾಡಿ ಕೀಲಿಗಳ ಮೇಲೂ ಪಕ್ಕದ ಜಾಲರಿಯ ಮೇಲೂ ಉದುರಿಸಿದರು. ಲ್ಯಾಪ್‌ಟಾಪು ಆನ್ ಮಾಡಿ ಧೂಪದ ಬಟ್ಟಲನ್ನು ಹತ್ತಿರ ಹಿಡಿದರೆ ಹೊಗೆ ಅತ್ತಿತ್ತ ಹೋಗದೆ ನೇರವಾಗಿ ಅದರ ಹೊಟ್ಟೆಯೊಳಗೆ ಹೋಗುತ್ತಿತ್ತು.

“ನೋಡ್ರೀ, ಹೆಂಗೆ ಎಳ್ಕೊಳ್ತಿದೆ! ದೇವರು ಒಪ್ಕೊಂಡ್ಬಿಟ್ಟ” ಎಂದು ಗಂಡನನ್ನು ಕರೆದು ತೋರಿಸಿದರು. ಏಕಾಂತಯ್ಯ ಪೇಪರಿನ ಹಿಂದೆಯೇ ಕೆಮ್ಮಿದರು.

ದೇವರು ಒಪ್ಪಿದನೋ ಇಲ್ಲವೋ, ಲ್ಯಾಪ್‌ಟಾಪು ಒಪ್ಪಲಿಲ್ಲ. ಧೂಪ ಹೆಚ್ಚಿದಷ್ಟೂ ಅದು ಬೇಗ ಬೇಗ ಆರತೊಡಗಿತು. ಹಾಗಾದರೆ ದೃಷ್ಟಿ ಹೊರಗಿನದಲ್ಲ, ಮನೆಯೊಳಗೇ ಬಂದು ಕೂರುವ ಯಾರದೋ ಕೈವಾಡ ಎಂದು ಶಾಂತಾದೇವಿಯವರ ತಲೆ ಓಡಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಒಂದು ಮಧ್ಯಾಹ್ನ ನೀರು ಕುಡಿಯಲು ಎದ್ದವರು ಬಾಗಿಲ ಸಂದಿಯಲ್ಲಿ ನೋಡುತ್ತಾರೆ, ಅಂಜನಾ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಚುಚ್ಚಿ ಏನನ್ನೋ ತುಂಬಿಸಿಕೊಳ್ಳುತ್ತಿದ್ದಾಳೆ. ಇವರ ಹೆಜ್ಜೆ ಸದ್ದಿಗೆ ಅದನ್ನು ಕಿತ್ತು ಮುಷ್ಟಿಯಲ್ಲಿ ಇಟ್ಟುಕೊಂಡಳು.

ಬನಶಂಕರಿಯಲ್ಲಿ ಬೇರೆ ಯಾರೋ ಹೊಸದಾಗಿ ಇನ್ನೊಂದು ಕೇಂದ್ರ ತೆರೆದಿದ್ದು ಅವರಿಗೆ ಗೊತ್ತಿತ್ತು. ತಾವು ಬೀದಿ ಬೀದಿ ಅಲೆದು ಕೂಡಿಸಿದ ಗಂಡುಹೆಣ್ಣುಗಳ ವಿವರವೆಲ್ಲ ಅಲ್ಲಿಗೆ ಹೋಗುತ್ತಿದೆ! ಕದಿಯುವಾಗ ಮಾಡುವ ಕಿತಾಪತಿಗೇ ಲ್ಯಾಪ್‌ಟಾಪು ಸಾಯುತ್ತಿದೆ! ಸಾಕಿದ ಗಿಣಿ ಹದ್ದಾಗಿ ಕುಕ್ಕಿತಲ್ಲಪ್ಪಾ ಎಂದು ಸಂಕಟಪಟ್ಟರೇ ವಿನಾ, ಏನೇ ಅದು ಎಂದು ಹುಡುಗಿಯನ್ನು ಒಂದು ಮಾತು ಕೇಳಲಿಲ್ಲ. ಕಳ್ಳನನ್ನು ಕೇಳಿದರೆ ಕಳ್ಳ ನಿಜ ಹೇಳುತ್ತಾನೆಯೇ? ಸುತ್ತಲಿಂದ ವಿಚಾರಿಸುವುದು ಅವರ ಕ್ರಮ.

ಒಂದು ಪರೀಕ್ಷೆಯನ್ನೂ ಮಾಡಿದರು. “ಯಾಕೋ ಸುಸ್ತಾದ ಹಾಗೆ ಕಾಣ್ತೀಯ ಕಣೆ, ಎರಡು ದಿನ ಮನೇಲಿರು” ಎಂದು ಅಂಜನಾಗೆ ರಜೆ ಕೊಟ್ಟರು. ಆ ಎರಡು ದಿನ ತಾವೇ ಲ್ಯಾಪ್‌ಟಾಪು ತೆರೆದು, ಎರಡು ಮೂರು ಬಯೋಡೇಟಾ ನೋಡಿ, ಮುಚ್ಚಿಟ್ಟರು. ಒಂದು ಸಲವೂ ಆರಲಿಲ್ಲ! ಬಿಸಿಯಾಗುವಷ್ಟು ಹೊತ್ತು ಅದನ್ನು ಓಡಿಸಿಯೇ ಇಲ್ಲ ಎಂದು ಅವರಿಗೆ ಹೇಳುವವರು ಯಾರು? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದುಕೊಂಡರು.

ಗಂಗಾಂಬಿಕೆಯವರ ಫೋನು ಬಂದದ್ದು ಆಗಲೇ.

“ಶಾಂತಾದೇವಿಯವ್ರೇ, ನಮ್ಮ ಶಶಿ ಅಂತೂ ಆ ಹುಡುಗೀನೇ ಅಂತ ಕೂತಿದಾನೆ. ದಿನಾ ನಿಮ್ಮ ಕಣ್ಣೆದುರಿಗೇ ಇರೋಳು. ನೀವು ಹೂಂ ಅಂದ್ರೆ ಶುಕ್ರವಾರ ಬಂದು ತಾಂಬೂಲ ಬದಲಾಯಿಸ್ತೀವಿ. ಹುಡುಗಿ ಹೆಂಗೆ, ಹೇಳಿ?”

ಶಾಂತಾದೇವಿಯವರು ಸುಳ್ಳು ಹೇಳಿ ಒಂದು ಮನೆ ಕೆಡಿಸಿದವರಲ್ಲ. ಕಣ್ಣಾರೆ ಕಂಡದ್ದನ್ನು ಹೇಳೋಣವೆಂದರೆ ಹುಡುಗಿಯ ಮುಖ ಅಡ್ಡ ಬಂತು. ಕೊನೆಗೆ ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ, “ಹುಡುಗಿ... ಒಳ್ಳೇವ್ಳೇ. ಆದ್ರೂ ಇನ್ನೊಂದೆರಡು ಕಡೆ ವಿಚಾರಿಸ್ಕೊಂಬಿಡಿ” ಎಂದರು.

“ಆಗ್ಲಿ” ಎಂದು ಗಂಗಾಂಬಿಕೆಯವರು ಫೋನಿಟ್ಟರು.

ಮಾರನೆಯ ದಿನ ಅಂಜನಾ ಬಂದಳು. ಬೆಳಿಗ್ಗೆಯ ಧೂಪವೂ ಆಗಿತ್ತು. ಅವಳು ವೀಡಿಯೋ ಕಾಲಿನಲ್ಲಿ ದಾವಣಗೆರೆಯ ಮನೆಯೊಂದರ ಜೊತೆ ಮಾತಾಡುತ್ತಿದ್ದ ಹಾಗೆಯೇ ಲ್ಯಾಪ್‌ಟಾಪು ಆರಿತು. ಈ ಸಲ ಎಷ್ಟು ಒತ್ತಿದರೂ ಏಳಲಿಲ್ಲ. ಸುಟ್ಟ ವಾಸನೆ ಬಂತು. ದೀಪಕ್ ಬಂದವನೇ ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದ.

“ಈಗ್ಲೂ ಬಿಚ್ಬಾರ್ದು ಅಂದ್ರೆ ನಾನು ಹೊರಟೆ, ಆಂಟಿ.”

“ಇಲ್ಲೇ ಬಿಚ್ಚು. ನನ್ನ ಕಣ್ಣೆದುರಿಗೆ” ಎಂದು ಶಾಂತಾದೇವಿಯವರು ಕುರ್ಚಿ ಎಳೆದುಕೊಂಡು ಕೂತರು. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ತಮ್ಮ ಅಂಗೈಗೇ ಹಾಕಿಸಿಕೊಂಡರು.

ಕೆಳಗಿನ ತಟ್ಟೆ ಮೇಲೆದ್ದಿತು. ಕೋಣೆಯೆಲ್ಲ ಲೋಬಾನದ ವಾಸನೆ ಗಪ್ಪೆಂದು ಹರಡಿತು. ಒಳಗಿದ್ದ ಪುಟ್ಟ ಫ್ಯಾನು ಕಾಣುತ್ತಲೇ ಇರಲಿಲ್ಲ. ಹೊಗೆಯ ಜಿಡ್ಡೂ ಬಿಳಿ ಬೂದಿಯೂ ಸೇರಿ ಅದರ ಮೇಲೆ ಹೆಪ್ಪುಗಟ್ಟಿ ಕೂತಿದ್ದವು. ದೀಪಕ್ ಬ್ರಷ್ಷಿನಿಂದ ಕೆರೆದರೆ ಚಿಟಿಕೆಯಲ್ಲ, ಬೊಗಸೆಯಷ್ಟು ವಿಭೂತಿ ಮೇಜಿನ ಮೇಲೆ ಉದುರಿತು.

“ಗಾಳಿ ಆಡೋಕೆ ಜಾಗಾನೇ ಇಲ್ಲ, ಆಂಟಿ. ಉಸಿರುಕಟ್ಟಿ ಬಿಸಿಯಾಗಿ, ತನ್ನನ್ನ ತಾನೇ ಆಫ್ ಮಾಡ್ಕೊಳ್ತಿತ್ತು. ಫ್ಯಾನ್ ಸುಟ್ಟಿದೆ, ಹೀಗೇ ಆಗಿರತ್ತೆ ಅಂತ ಬೇರೇದು ತಂದಿದೀನಿ. ಮಿಕ್ಕಿದ್ದೆಲ್ಲ ಚೆನ್ನಾಗಿದೆ.”

ಶಾಂತಾದೇವಿಯವರು ಅಂಗೈಯ ಸ್ಕ್ರೂಗಳನ್ನೇ ನೋಡುತ್ತಿದ್ದರು. ಆದರೂ ಒಂದು ಮುಳ್ಳು ಉಳಿದಿತ್ತು. “ಒಳಗಿದ್ದ ಬಯೋಡೇಟಾ ಎಲ್ಲ?” ಎಂದರು.

“ಅದಕ್ಕೇನ್ ಭಯ? ಹೋದ್ಸಲ ನಾನು ಎಲ್ಲ ಅಳಿಸಿದಾಗ ವಾಪಸ್ ಹಾಕಿಕೊಟ್ಟಿದ್ದು ಅಂಜನಾನೇ ಅಲ್ವಾ? ದಿನಾ ಪೆನ್‌ಡ್ರೈವಿಗೆ ಕಾಪಿ ಮಾಡಿಡಿ ಅಂತ ನಾನೇ ಹೇಳಿದ್ದೆ.”

ಅಂಜನಾ ಎದ್ದು ಶಾಂತಾದೇವಿಯವರ ಮೇಜಿನ ಡ್ರಾಯರ್ ಎಳೆದಳು. ಏಕಾಂತಯ್ಯನವರ ಹಳೇ ಕನ್ನಡಕದ ಡಬ್ಬಿಯ ಪಕ್ಕದಲ್ಲೇ ಪೆನ್‌ಡ್ರೈವ್ ಇತ್ತು. “ಇಲ್ಲೇ ಇಡ್ತೀನಲ್ಲ ಆಂಟಿ ಯಾವಾಗ್ಲೂ. ನಿಮಗೆ ಹೇಳಿದ್ರೆ ಡೇಟಾ ಹೋಗತ್ತೆ ಅಂತ ಹೆದರ್ತೀರಿ ಅಂತ ಸುಮ್ನಿದ್ದೆ.”

ಊರವರ ಮನೆಯ ಬೀರುಗಳನ್ನೆಲ್ಲ ಜಾಲಾಡಿದ ಹೆಂಗಸು ತನ್ನ ಡ್ರಾಯರನ್ನು ಎಳೆದು ನೋಡಿರಲಿಲ್ಲ. ಶಾಂತಾದೇವಿಯವರು ಫೋನು ತೆಗೆದುಕೊಂಡು ಅಡುಗೆಮನೆಗೆ ಓಡಿದರು. ಗಂಗಾಂಬಿಕೆಯವರು ಫೋನೆತ್ತಿದ್ದೇ ತಡ, ಒಂದೇ ಉಸಿರಿಗೆ ಹೇಳಿದರು: ಅಂಜನಾ ಅಂದರೆ ಅಪರಂಜಿ, ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳಿದ್ದಿದ್ದರೂ ಇಷ್ಟು ನಿಯತ್ತಾಗಿ ಇರುತ್ತಿರಲಿಲ್ಲ, ನಿನ್ನೆ ನನ್ನ ಬುದ್ಧಿಗೆ ಮಂಕು ಬಡಿದಿತ್ತು, ಕಣ್ಣು ಮುಚ್ಚಿಕೊಂಡು ತಾಂಬೂಲ ಬದಲಾಯಿಸಿ.

ಗಂಗಾಂಬಿಕೆಯವರು ಪೂರ್ತಿ ಕೇಳಿಸಿಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ.

“ನಮ್ಮ ದೊಡ್ಡವಳಿಗೆ ಗಂಡು ಹುಡುಕ್ಕೊಂಡು ನಿಮ್ಮ ಹತ್ರ ಬಂದಾಗ ನೀವೇ ಹೇಳಿಕೊಟ್ಟಿದ್ರಲ್ಲ, ಮೇಡಂ? ಮೊದಲನೇ ಸಲ ಎಲ್ಲಿ ತಡವರಿಸಿದ್ರು ಅದನ್ನ ನೋಡಿ, ಆಮೇಲೆ ತಾವಾಗೇ ಫೋನ್ ಮಾಡಿ ಹೊಗಳಿದ್ರೆ ಅದು ತೇಪೆ ಅಂತ. ಆ ಮಾತು ಕೇಳೇ ನಮ್ಮ ಮಗಳು ಇವತ್ತು ಸುಖವಾಗಿದಾಳೆ. ಈ ಸಂಬಂಧ ಬೇಡ ಅಂತ ಶಶಿಗೂ ಹೇಳಿ ಒಪ್ಪಿಸಿದೀನಿ. ಬೇಜಾರ್ ಮಾಡ್ಕೋಬೇಡಿ.”

ಫೋನು ಕಟ್ಟಾಯಿತು. ಅಯ್ಯೋ ಶಿವನೇ ಎಂದು ಶಾಂತಾದೇವಿಯವರು ಒಲೆಯ ಕಟ್ಟೆ ಹಿಡಿದು ನಿಂತರು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವರ ಮನೆ ಬಾಗಿಲಿಗೆ ಹೋಗಿ ಉಗಿದು ಬರುತ್ತಿದ್ದರು. ಈಗ ಉಗಿಯುವುದು ಯಾರಿಗೆ? ದೀಪಕ್ ಹೊಸ ಫ್ಯಾನು ಹಾಕಿಕೊಟ್ಟು ಹೋದ ಮೇಲೆ ಈಚೆ ಬಂದು ಅಂಜನಾಳ ಎದುರು ಕೂತು, ಪೆನ್‌ಡ್ರೈವ್ ಕಂಡದ್ದರಿಂದ ಹಿಡಿದು ಗಂಗಾಂಬಿಕೆಯವರ ಕೊನೆಯ ಮಾತಿನವರೆಗೆ ಒಂದನ್ನೂ ಮುಚ್ಚಿಡದೆ ಹೇಳಿದರು. ಪೇಪರಿನ ಹಿಂದಿದ್ದ ಏಕಾಂತಯ್ಯ ಪೇಪರನ್ನು ಕೆಳಗಿಳಿಸಿದರು.

“ನಾನೇ ಜೆಪಿ ನಗರಕ್ಕೆ ಹೋಗ್ತೀನಿ ಕಣೆ. ಅವರ ಕಾಲು ಹಿಡೀತೀನಿ.”

“ಬೇಡಿ ಆಂಟಿ. ನೀವು ಅಲ್ಲಿವರೆಗೂ ಹೋದ್ರೆ ಅವ್ರಿಗೆ ಇನ್ನೂ ಅನುಮಾನ ಬರತ್ತೆ.” ಅಂಜನಾಳ ಕಣ್ಣು ತುಂಬಿತ್ತು, ಆದರೆ ದನಿ ಏರಲಿಲ್ಲ. “ಒಂದೇ ಒಂದು ಕೇಳ್ತೀನಿ. ಪೆನ್‌ಡ್ರೈವ್ ನೋಡಿದ್ರಲ್ಲ, ಆವತ್ತೇ ಏನದು ಅಂತ ನನ್ನನ್ನ ಕೇಳ್ಬಹುದಿತ್ತಲ್ಲ ಆಂಟಿ?”

ಇಸ್ತ್ರಿಯವನನ್ನು, ಹಾಲಿನವನನ್ನು, ಕೊತ್ತಂಬರಿಯವನನ್ನು ಕೇಳಿದ ಬಾಯಿ ಶಾಂತಾದೇವಿಯವರದು. ಯಾರ ವಿಷಯವೋ ಅವರನ್ನೇ ಕೇಳಿ ಅದಕ್ಕೆ ಅಭ್ಯಾಸವಿರಲಿಲ್ಲ.

ಅಂಜನಾ ಮೇಜಿನ ಮೇಲಿದ್ದ ಬೂದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಹಿಂಡಿ ಒಣಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ನಾಳೆ ಬರ್ತೀನಿ ಎಂದೂ ಹೇಳಲಿಲ್ಲ, ಬರಲ್ಲ ಎಂದೂ ಹೇಳಲಿಲ್ಲ. ಶಾಂತಾದೇವಿಯವರು ಬಾಗಿಲ ಕಡೆ ಮುಖ ಮಾಡಿ ಕೂತೇ ಇದ್ದರು. ಅವಳು ತೆರೆದಿಟ್ಟು ಹೋದ ಲ್ಯಾಪ್‌ಟಾಪು ಸಂಜೆಯವರೆಗೂ ಒಮ್ಮೆಯೂ ಆರಲಿಲ್ಲ.