ಸೀಟಿ ಮಾಸ್ತರರು ಕಂಡದ್ದು

ಕಳೆದ ಚುನಾವಣೆಯಲ್ಲಿ, ಮತದಾನದ ಹಿಂದಿನ ದಿನ, ವರದಿಗೆಂದು ಚಿತ್ತಾಪುರದ ಒಂದು ಮತಗಟ್ಟೆಗೆ ಹೋಗಿದ್ದೆ. ಶಾಲೆಯ ಗೇಟಿನಾಚೆ ಒಬ್ಬಾತ ಬುಟ್ಟಿಯಿಂದ ಸುಣ್ಣದ ಪುಡಿ ಉದುರಿಸುತ್ತ ಗೆರೆ ಎಳೆಯುತ್ತಿದ್ದ. ಧೂಳು ಏಳದಿರಲೆಂದು ಆಗಷ್ಟೇ ನೆಲಕ್ಕೆ ನೀರು ಚಿಮುಕಿಸಿದ್ದರು. ಹಸಿ ಮಣ್ಣಿಗೆ ಸುಣ್ಣ ಬಿದ್ದಾಗ ಏಳುವ, ಮೂಗಿನೊಳಗೆ ಚುರುಗುಟ್ಟುವ ಆ ವಾಸನೆ... ನಮ್ಮೂರು ಶಹಾಬಾದಿನ ಮೈದಾನ ಕಣ್ಣ ಮುಂದೆ ಬಂತು. ಸೊಂಟ ಬಗ್ಗಿಸಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಗೆರೆ ಹಾಕುತ್ತಿದ್ದ ಸೀಟಿ ಮಾಸ್ತರರೂ ಬಂದರು.

ಅವರು ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದು ನಿವೃತ್ತರಾದವರು. ಫುಟ್‌ಬಾಲ್ ಪಂದ್ಯಗಳಿಗೆ ಸೀಟಿ ಊದುತ್ತಿದ್ದರಿಂದ ಆ ಹೆಸರು. ಸ್ಟೇಷನ್ ಕಡೆಯ ಓಣಿಯಲ್ಲಿ ನಮ್ಮ ಮನೆಗೆ ಎರಡು ಮನೆ ಆಚೆ ಅವರ ಮನೆ. ರೈಲು ಹಳಿಯ ಪಕ್ಕದ ಮೈದಾನದಲ್ಲಿ ಚಳಿಗಾಲದಲ್ಲಿ ಓಣಿಗಳ ನಡುವೆ ಟೂರ್ನಮೆಂಟ್ ನಡೆಯುತ್ತಿತ್ತು. ಚೆಂಡಿನ ಗಾಳಿಯಿಂದ ಹಿಡಿದು ಆಟಗಾರನ ವಯಸ್ಸಿನವರೆಗೆ ಅಲ್ಲಿ ಎಲ್ಲದಕ್ಕೂ ಜಗಳವಿತ್ತು. ಮಾಸ್ತರರ ಸೀಟಿಗೆ ಮಾತ್ರ ಇರಲಿಲ್ಲ. ಅವರು ಊದಿದರೆ ಮುಗಿಯಿತು, ಬಯ್ದುಕೊಳ್ಳುತ್ತಲೇ ಎಲ್ಲರೂ ಹಿಂದೆ ಸರಿಯುತ್ತಿದ್ದರು.

ವಾದಗಳೇನಿದ್ದರೂ ಚಾಚಾನ ಚಹಾದ ಹೋಟೆಲಿನಲ್ಲಿ. ಅಲ್ಲಿ ಬೆಂಚು, ಗೋಡೆ, ಕಟ್ಟೆ ಎಲ್ಲವೂ ಊರ ಗಣಿಯಿಂದ ಬರುವ ಚಪ್ಪಟೆ ಫರಸಿ ಕಲ್ಲಿನವೇ. ಟಿವಿಯಲ್ಲಿ ಬರುವ ವಿದೇಶಿ ಫುಟ್‌ಬಾಲ್ ಲೀಗ್ ಶುರುವಾಗುವ ಮುಂಚೆ ಪ್ರತಿಯೊಬ್ಬ ಅಭಿಮಾನಿಯೂ ಹೊರಗೋಡೆಯ ಫರಸಿಯ ಮೇಲೆ ಸೀಮೆಸುಣ್ಣದಲ್ಲಿ ತನ್ನ ಭವಿಷ್ಯ ಬರೆಯಬೇಕಿತ್ತು: ಯಾವ ತಂಡ ಗೆಲ್ಲುತ್ತದೆ, ಯಾವುದು ತಳ ಸೇರುತ್ತದೆ. ಸೀಜನ್ ಮುಗಿಯುವವರೆಗೆ ಅಳಿಸುವಂತಿಲ್ಲ. ಯಾರ ಭವಿಷ್ಯ ಎಲ್ಲರಿಗಿಂತ ಕೆಟ್ಟಿತೋ ಅವನು ಮುಂದಿನ ಟೂರ್ನಮೆಂಟಿಗೆ ಮೈದಾನಕ್ಕೆ ಸುಣ್ಣ ಹಾಕಬೇಕು. ಮಾಸ್ತರರು ವರ್ಷ ವರ್ಷವೂ, ಹಿಂದಿನ ಸೀಜನ್ನಿನಲ್ಲಿ ಹೇಗೋ ಜೀವ ಉಳಿಸಿಕೊಂಡಿದ್ದ ಯಾವುದೋ ಬಡಪಾಯಿ ತಂಡವನ್ನು ಹುಡುಕಿ ಅದೇ ಗೆಲ್ಲುತ್ತದೆಂದು ಬರೆಯುತ್ತಿದ್ದರು.

"ಈ ವರ್ಷಾನೂ ಸುಣ್ಣದ ಬುಟ್ಟಿ ನಿಮ್ಮ ಹೆಸರಿಗೇ ಬರ್ಕೊಂಡ್ರಿ ಬಿಡ್ರಿ ಮಾಸ್ತರ," ಎನ್ನುತ್ತಿದ್ದ ಚಾಚಾ.

"ಗೆಲ್ಲೋರಿಗಿ ಗೆಲ್ಲು ಅನ್ಲಿಕ್ಕಿ ಊರೇ ಅದ. ನಾ ಯಾಕ ಬೇಕೋ ಚಾಚಾ?"

ಆ ಲೀಗಿಗೆ ವಿಡಿಯೊ ನಿಯಮ ಬಂದ ವರ್ಷ ಭವಿಷ್ಯಕ್ಕಿಂತ ಹೆಚ್ಚು ಮಾತಾದದ್ದು ಅದರ ಬಗ್ಗೆಯೇ. ರೆಫರಿ ಗೋಲು ಕೊಟ್ಟ ಮೇಲೂ ವಿಡಿಯೊ ನಿಲ್ಲಿಸಿ, ಅದರ ಮೇಲೆ ಗೆರೆ ಎಳೆದು, ಆಟಗಾರನ ಕಾಲ್ಬೆರಳು ಮುಂದಿತ್ತೆಂದು ಗೋಲನ್ನು ರದ್ದು ಮಾಡುತ್ತಿದ್ದರು. ಫರಸಿ ಪಾಲಿಶ್ ಕೆಲಸದ ಒಬ್ಬನಿದ್ದ. ಸದಾ ತನ್ನ ಮೆಚ್ಚಿನ ತಂಡದ ಕೆಂಪು ಅಂಗಿಯಲ್ಲೇ ಇರುತ್ತಿದ್ದುದರಿಂದ ಕೆಂಪಂಗಿ ಎಂದೇ ಕರೆಯುತ್ತಿದ್ದರು. ಅವನ ತಂಡದ ಗೋಲು ಹೀಗೆ ಹೋದ ಮರುದಿನ ಅವನು ಹೋಟೆಲಿನಲ್ಲಿ ಕೂತಲ್ಲಿ ಕೂರಲಿಲ್ಲ.

"ಕಾಲಿನ ಉಗುರು ಮುಂದಿತ್ತಂತ ಗೋಲ್ ಕಸ್ಕೊಂಡ್ರು! ಇನ್ಮ್ಯಾಲ ಆಡೋರು ಉಗುರು ತಕ್ಕೊಂಡು ಬರಬೇಕೇನು?"

"ಹೋದ ವಾರ ಅದೇ ಕ್ಯಾಮೆರಾ ನಿಮಗ ಪೆನಾಲ್ಟಿ ಕೊಟ್ಟಾಗ ಬಾಯಾಗ ಬೆಲ್ಲ ಇಟ್ಕೊಂಡು ಕುಂತಿದ್ದಿಲ್ಲ?" ಎಂದ ಚಾಚಾ.

ಎಲ್ಲರೂ ಮಾಸ್ತರರ ಕಡೆ ತಿರುಗಿದರು. ರೆಫರಿಯಾದವರು ಕ್ಯಾಮೆರಾ ವಿರುದ್ಧ ಮಾತಾಡುತ್ತಾರೆಂದೇ ಎಲ್ಲರ ಎಣಿಕೆ. ಅವರು ಹೇಳಿದ್ದು ಬೇರೆ. "ನಿಯಮ ಭಾಳ ಚೊಲೋ ಅದ. ತಪ್ಪು ಸೀಟಿ ಊದಿದಂವಗ ನಿದ್ದಿ ಬರಂಗಿಲ್ಲ, ಅದು ನಿಮಗೇನು ಗೊತ್ತು? ಇನ್ನೊಮ್ಮಿ ನೋಡ್ರಿ ಅಂತ ಆಗ ನನಗ ಯಾರರ ಅಂದಿದ್ರ ಕೈ ಮುಗೀತಿದ್ದೆ."

ಆ ಮಾತಿನಿಂದಲೇ ಎಲ್ಲ ಶುರುವಾಯಿತು. ಆ ಚಳಿಗಾಲದ ಫೈನಲ್‌ನಲ್ಲಿ ಎರಡೂ ತಂಡದವರು ಒಂದೊಂದು ಸಲ ಮೊಬೈಲ್ ವಿಡಿಯೊ ತೋರಿಸಿ ರೆಫರಿಯ ತೀರ್ಪನ್ನು ಪ್ರಶ್ನಿಸಬಹುದೆಂದು ಹೋಟೆಲಿನ ಕಟ್ಟೆಯ ಮೇಲೆ ಮಾತಾಯಿತು. ಮಾಸ್ತರರು ಖುಷಿಯಿಂದಲೇ ಒಪ್ಪಿದರು. ವಿಡಿಯೊ ತೆಗೆಯುವವನು ಎಲ್ಲಿ ನಿಂತಿರಬೇಕು ಎಂದು ಒಬ್ಬರೂ ಕೇಳಲಿಲ್ಲ. ಅವರೂ ಕೇಳಲಿಲ್ಲ.

ಫೈನಲ್ ನಮ್ಮ ಸ್ಟೇಷನ್ ಓಣಿಗೂ ಕಲ್ಲುಗಣಿ ಕಡೆಯ ಓಣಿಗೂ ಬಿತ್ತು. ಆಟ ಮುಗಿಯುವ ಹೊತ್ತಾದರೂ ಎರಡೂ ಕಡೆ ಗೋಲಿರಲಿಲ್ಲ. ಆಗ ಗಣಿ ಕಡೆಯವನೊಬ್ಬ ಮುಂದಕ್ಕೆ ಬಂದ ಚೆಂಡನ್ನು ಗೋಲಿಗೆ ಹೊಡೆದ. ಮಾಸ್ತರರ ಸೀಟಿ ಕೇಳಿತು. ಕೈ ಮೇಲಿತ್ತು. ಆಫ್‌ಸೈಡ್: ಜೊತೆಯವನು ಚೆಂಡು ಒದ್ದಾಗಲೇ ಅವನು ಎದುರಾಳಿಗಳನ್ನು ದಾಟಿ ನಿಂತಿದ್ದ ಎಂದು. ನಾನು ದೂರದ ಇನ್ನೊಂದು ಗೋಲಿನ ಹತ್ತಿರ ಇದ್ದೆ. ನಿಜಕ್ಕೂ ದಾಟಿದ್ದನೋ ಇಲ್ಲವೋ ನನಗೆ ಕಾಣಿಸಲಿಲ್ಲ. ಆ ಬಗ್ಗೆ ನಾನೇನೂ ಹೇಳಲಾರೆ.

ಕೆಂಪಂಗಿ ಗಣಿ ಕಡೆಯವನು. ಗೋಲಿನ ಹಿಂದೆ ಒಟ್ಟಿದ್ದ ಫರಸಿಯ ಮೇಲೆ ಕೂತು ವಿಡಿಯೊ ತೆಗೆಯುತ್ತಿದ್ದವನು ಫೋನ್ ಎತ್ತಿಕೊಂಡೇ ಓಡಿ ಬಂದ. ಮಾಸ್ತರರು ಬಿಸಿಲಿಗೆ ಅಂಗೈ ಮರೆಮಾಡಿ ನೋಡಿದರು. ಅದರಲ್ಲಿ ಹುಡುಗ ಎದುರಾಳಿಯ ಪಕ್ಕಕ್ಕೇ ಇದ್ದ. ಗೋಲು ಕೊಟ್ಟರು. ಕೂಡಲೇ ನಮ್ಮ ಓಣಿಯವರು ಇನ್ನೊಂದು ಫೋನ್ ತಂದರು. ರೈಲ್ವೆ ಕಾಂಪೌಂಡಿನ ಕಡೆಯಿಂದ ತೆಗೆದದ್ದು. ಅದರಲ್ಲಿ ಅವನ ಇಡೀ ಮೈ ಮುಂದಿತ್ತು. ಮಾಸ್ತರರು ಮತ್ತೆ ನೋಡಿದರು, ಮತ್ತೊಮ್ಮೆ ನೋಡಿದರು. ಗೋಲು ರದ್ದು ಎಂದರು.

"ಮಾಸ್ತರ, ಯಾರ ಫೋನ್ ದೊಡ್ಡದೋ ಅವರ ಮಾತು ಖರೇ ಏನ್ರಿ?" ಎಂದ ಕೆಂಪಂಗಿ. ಎಲ್ಲರೂ ನಕ್ಕರು, ಮಾಸ್ತರರೂ ನಕ್ಕರು.

ನಗು ಮುಗಿಯುವ ಮೊದಲೇ ಗುಂಪಿನೊಳಗಿಂದ ಯಾರೋ ಅಂದರು: "ಅವ್ರ ಮನಿ ಸ್ಟೇಷನ್ ಓಣಿಯಾಗೇ ಅದ ಅಲ್ಲೇನ್ರಿ?"

ಅಷ್ಟು ವರ್ಷಗಳಲ್ಲಿ ಮಾಸ್ತರರ ಮನೆ ಎಲ್ಲಿದೆ ಎಂದು ಆ ಮೈದಾನದಲ್ಲಿ ಯಾರೂ ಕೇಳಿರಲಿಲ್ಲ. ಅವರು ಸೀಟಿಯನ್ನು ಬಾಯಿಗಿಟ್ಟುಕೊಂಡರು, ಊದಲಿಲ್ಲ. ಹೊಡೆದಾಟವೇನೂ ಆಗಲಿಲ್ಲ. ಜನ ಎರಡು ಗುಂಪಾಗಿ, ಒಂದು ಆ ಕಡೆ ಒಂದು ಈ ಕಡೆ, ಸುಮ್ಮನೆ ನಡೆದರು. ಗೆದ್ದವರಿಗೆಂದು ತಂದ ಕಪ್ ಮೇಜಿನ ಮೇಲೇ ಉಳಿಯಿತು.

ಆಮೇಲೆ ಯಾರೋ, ಅಂದು ಗುಂಪಿನಲ್ಲಿ ತೆಗೆದಿದ್ದ ಇಡೀ ಪ್ರಸಂಗದ ವಿಡಿಯೊವನ್ನು ಕತ್ತರಿಸಿ, ಮಾಸ್ತರರು ಗೋಲು ಕೊಡುವುದು, ರದ್ದು ಮಾಡುವುದು, ಕೊಡುವುದು, ರದ್ದು ಮಾಡುವುದು ಎಂದು ತಿರುತಿರುಗಿ ಬರುವಂತೆ ಜೋಡಿಸಿ, ಹಿಂದೆ ನಗೆಯ ಸದ್ದು ಸೇರಿಸಿದರು. ಅದು ಫೋನಿನಿಂದ ಫೋನಿಗೆ ದಾಟಿ ಪಕ್ಕದೂರು ವಾಡಿಗೆ ಹೋಯಿತು, ಚಿಂಚೋಳಿಗೆ ಹೋಯಿತು. ಸೇಡಂನ ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕದವನು ಅದನ್ನು ಮಾಸ್ತರರಿಗೇ ತೋರಿಸಿ ನಕ್ಕನಂತೆ, ಇವರೇ ಅವರೆಂದು ತಿಳಿಯದೆ. ಅವರು ಚಾಚಾನ ಹೋಟೆಲಿಗೆ ಬರುವುದು ಬಿಟ್ಟರು. ಆ ಸೀಜನ್ನಿನಲ್ಲಿ ಫರಸಿಯ ಮೇಲೆ ಅವರು ಬರೆದ ತಂಡ ಗೆದ್ದಿತೋ ಸೋತಿತೋ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಒಂದು ಸಂಜೆ ಊರಿಗೆ ಹೋದಾಗ ಅವರ ಮನೆಗೆ ಹೋದೆ. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಫೋನ್ ಹಿಡಿದು ಕೂತಿದ್ದರು. ನೋಡುತ್ತಿದ್ದುದು ನಗೆಯ ವಿಡಿಯೊ ಅಲ್ಲ, ಅಂದು ಮೈದಾನದಲ್ಲಿ ತೋರಿಸಿದ ಎರಡು ವಿಡಿಯೊ. ಒಂದಾದ ಮೇಲೆ ಒಂದು.

"ಬಾ, ಕುಂದ್ರು. ನೀ ಪೇಪರಿನಾಂವ. ಖರೇ ಹೇಳು, ನಿನಗೇನು ಕಾಣ್ಲಿಕತ್ತದ?"

ಎರಡನ್ನೂ ನೋಡಿದೆ. "ಗೊತ್ತಾಗವಲ್ದು ಮಾಸ್ತರ," ಎಂದೆ.

ಅವರು ಫೋನನ್ನು ಕಟ್ಟೆಯ ಮೇಲೆ ಬೋರಲು ಇಟ್ಟರು. ಆಮೇಲೆ ಹೇಳಿದರು: "ಅವತ್ತು ಸೀಟಿ ಊದಿದಾಗ ನನಗ ಗೊತ್ತಿತ್ತು. ಕಣ್ಣಾರೆ ನೋಡಿದ್ದೆ. ಈಗ ನೆನಪು ಮಾಡ್ಕೊಂಡ್ರ ನಾ ನೋಡಿದ್ದು ಬರವಲ್ದು... ಈ ಫೋನಿನಾಗಿಂದೇ ಬರ್ತದ."

 

ಅವರು ತೀರಿಕೊಂಡು ಕೆಲವು ವರ್ಷಗಳಾದವು. ಸೀಟಿಯೊಂದಿಗಿರುವ ಬೇರೆ ಫೋಟೊ ಸಿಗದೆ, ಸ್ಟೇಷನ್ ರಸ್ತೆಯಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಹಾಕಿಸಿದವರು ಆ ನಗೆಯ ವಿಡಿಯೊದಿಂದಲೇ ಅವರ ಮುಖವನ್ನು ಕತ್ತರಿಸಿ ತೆಗೆದಿದ್ದರು. ಟೂರ್ನಮೆಂಟ್ ಮತ್ತೆ ನಡೆಯಲಿಲ್ಲ. ಎರಡೂ ಕಡೆಯವರು ಒಪ್ಪುವ ರೆಫರಿ ಸಿಗಲಿಲ್ಲ. ಮೈದಾನದಲ್ಲಿ ಈಗ ಲಾರಿಗಳು ನಿಲ್ಲುತ್ತವೆ. ಮೊನ್ನೆ ಚಾಚಾನ ಹೋಟೆಲಿಗೆ ಹೋದಾಗ ಹೊಸ ಸೀಜನ್ನಿನ ಭವಿಷ್ಯ ಫರಸಿಯ ಮೇಲೆ ಬಿದ್ದಿತ್ತು. ವಿಡಿಯೊ ನಿಯಮದ ಜಗಳವೂ ನಡೆದಿತ್ತು. ಅವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಈ ಲೇಖನ ಬರೆಯಲು ಕೂತಾಗ ಸೀಟಿ ಬಾಯಲ್ಲಿಟ್ಟುಕೊಂಡು ಚೆಂಡಿನ ಹಿಂದೆ ಅವರು ಓಡುತ್ತಿದ್ದ ಓಟವನ್ನು ನೆನಪಿಸಿಕೊಳ್ಳಲು ಯತ್ನಿಸಿದೆ. ಚಿಕ್ಕಂದಿನಿಂದ ನೋಡಿದ್ದ ಓಟ. ಮಾಸ್ತರರು ಬರುತ್ತಾರೆ. ಗೋಲು ಕೊಡುತ್ತಾರೆ, ರದ್ದು ಮಾಡುತ್ತಾರೆ, ಮತ್ತೆ ಕೊಡುತ್ತಾರೆ... ಹಿಂದೆ ಯಾರೋ ನಗುತ್ತಿರುತ್ತಾರೆ. ಸುಣ್ಣದ ಗೆರೆಯೊಂದನ್ನು ಬಿಟ್ಟರೆ, ಅದಕ್ಕಿಂತ ಹಿಂದಿನದು ಏನೂ ಸಿಗುತ್ತಿಲ್ಲ.